‘ಆಯ್ತು’ ಅಂದ್ರೆ ಒಪ್ಪಿದ್ರೋ, ಮುಗಿಸಿದ್ರೋ? ಅಡಿಕೆ ಘಟಕದಲ್ಲಿ ಪಾಳಿ ಬದಲಾಗುವಾಗ ಮಾತು ಕಳೆದುಹೋಗ್ತಿದೆ

ತುಂಗಾತಟ:

ನಮಸ್ಕಾರ. ತೀರ್ಥಹಳ್ಳಿ ಕಡೆ ಹಸಿ ಅಡಿಕೆ ಸುಲಿದು, ಬೇಯಿಸಿ, ಒಣಗಿಸಿ ಕೊಡುವ ಘಟಕದ ಉಸ್ತುವಾರಿ ನನ್ನದು. ಕೊಯ್ಲಿನ ಕಾಲದಲ್ಲಿ 22 ಜನ: ಸುಲಿತಕ್ಕೆ 12, ಬೇಯಿಸೋ ಹಂಡೆ ಹತ್ತಿರ 3, ಒಣಗಿಸೋಕೆ ಹರಡುವ ಅಟ್ಟ ಮತ್ತು ಡ್ರೈಯರ್‌ಗೆ 4, ಗಾಡಿ ಮತ್ತು ಲೆಕ್ಕಕ್ಕೆ 3. ಹಗಲು ರಾತ್ರಿ ಎರಡು ಪಾಳಿ. ಒಬ್ಬೊಬ್ಬರನ್ನೇ ನೋಡಿದ್ರೆ ಎಲ್ಲರೂ ಕೆಲಸ ಬಲ್ಲವರೇ. ಕೆಡೋದು ಒಬ್ಬರ ಕೈಯಿಂದ ಇನ್ನೊಬ್ಬರ ಕೈಗೆ ದಾಟುವಾಗ.

ಎರಡು ತೋಟದ ಲಾಟ್ ಬೆರಕೆ ಆಗುತ್ತೆ. ‘ಈ ಲಾಟಿಗೆ ಚೊಗರು (ಬಣ್ಣಕ್ಕೆ ಹಾಕುವ, ಅಡಿಕೆ ಬೇಯಿಸಿದ ಕೆಂಪು ರಸ) ಕಮ್ಮಿ’ ಅಂತ ಮಧ್ಯಾಹ್ನ ಹೇಳಿದ್ದು ರಾತ್ರಿಯವರಿಗೆ ಗೊತ್ತೇ ಇರಲ್ಲ. ಕೇಳಿದ್ರೆ ಒಬ್ಬರು ‘ವಾಟ್ಸಾಪಲ್ಲಿ ಹಾಕಿದ್ನಲ್ಲ’ ಅಂತಾರೆ, ಇನ್ನೊಬ್ಬರು ‘ಆಯ್ತು ಅಂದ್ರಲ್ಲ, ಆಗಿದೆ ಅನ್ಕೊಂಡೆ’ ಅಂತಾರೆ. ಸಂಜೆ ಎಲ್ಲರನ್ನೂ ಕೂರಿಸಿ ಮೀಟಿಂಗ್ ಮಾಡಿದ್ರೆ ಮುಕ್ಕಾಲು ಗಂಟೆ ಹೋಗುತ್ತೆ, ಮಾತಾಡೋದು ಇಬ್ಬರೇ. ದೊಡ್ಡ ಕಂಪನಿಯ ಟ್ರೇನಿಂಗ್ ಮಾತು ಬೇಡ. ಇಷ್ಟು ಜನಕ್ಕೆ ನಡೆಯುವಂಥದ್ದು ಇದ್ರೆ ಹೇಳಿ.

ಘಟ್ಟದಮೇಲೆ:

ರೋಗ ನಿಮ್ಮ ಪ್ರಶ್ನೆಯೊಳಗೇ ಇದೆ ಮಾರಾಯ್ರೆ. ‘ಆಯ್ತು’ ಅನ್ನೋ ಒಂದು ಪದ ನಮ್ಮಲ್ಲಿ ನಾಲ್ಕು ಕೆಲಸ ಮಾಡುತ್ತೆ: ಕಿವಿಗೆ ಬಿತ್ತು, ಒಪ್ಪಿದೆ, ಮಾಡ್ತೀನಿ, ಮಾಡಿ ಮುಗಿಸಿದೆ. ಐದನೆಯದೂ ಒಂದಿದೆ, ‘ಮಾತು ಸಾಕು, ಹೊರಡಿ’. ಹೇಳಿದವರು ‘ಮಾಡ್ತೀನಿ’ ಅಂತ ಹೇಳಿರ್ತಾರೆ, ಕೇಳಿದವರು ‘ಮುಗಿಸಿದೆ’ ಅಂತ ತಗೊಂಡು ಹೋಗ್ತಾರೆ. ಯಾರೂ ಸುಳ್ಳು ಹೇಳಿಲ್ಲ, ಹಂಡೆ ಮಾತ್ರ ಖಾಲಿ. ‘ನೋಡೋಣ’ ಕೂಡ ಇದೇ ಜಾತಿ. ಹತ್ತಕ್ಕೆ ಎಂಟು ಸಲ ಅದು ‘ಇಲ್ಲ’ ಅಂತಲೇ. ಮುಖಕ್ಕೆ ಹೊಡೆದ ಹಾಗೆ ಹೇಳಬಾರದಲ್ಲ ಅಂತ ಅಷ್ಟೆ. ಜಾತಕ ವಾಪಸ್ ಕಳಿಸುವಾಗ ಅದು ಮರ್ಯಾದೆ, ಹಂಡೆ ಹತ್ತಿರ ನಷ್ಟ.

1977ರ ಮಾರ್ಚ್ 27ರಂದು ಟೆನೆರಿಫ್ ದ್ವೀಪದ ರನ್‌ವೇ ಮೇಲೆ ಎರಡು ಜಂಬೋ ವಿಮಾನ ಡಿಕ್ಕಿಯಾಗಿ 583 ಜನ ಸತ್ತರು. ಕಾರಣ ಹಲವು. ಆದರೆ ಒಂದು ಕೊಂಡಿ ನಿಮ್ಮ ‘ಆಯ್ತು’ ಥರದ್ದೇ. ಮಂಜು ಕವಿದಿತ್ತು. ಒಂದು ವಿಮಾನದವರು ‘ನಾವೀಗ ಟೇಕಾಫ್‌ನಲ್ಲಿ’ ಅನ್ನೋ ಥರ ಏನೋ ಅಂದರು. ಹೊರಟಿದ್ದೇವೆ ಅಂತಲೋ, ಹೊರಡಲು ನಿಂತಿದ್ದೇವೆ ಅಂತಲೋ, ಎರಡಕ್ಕೂ ಕೂರುವ ಮಾತು. ಗೋಪುರದವರು ‘ಓಕೆ’ ಅಂದು, ಸ್ವಲ್ಪ ತಡೆದು ‘ಕಾಯಿರಿ, ಕರೀತೀನಿ’ ಅಂದರು. ಅದೇ ಕ್ಷಣ ಇನ್ನೊಂದು ವಿಮಾನದವರೂ ಮಾತಾಡಿದ್ದರಿಂದ ರೇಡಿಯೋ ಕಿರುಗುಟ್ಟಿ ಎರಡನೇ ಭಾಗ ಮುಚ್ಚಿಹೋಯ್ತು. ಸ್ಪಷ್ಟವಾಗಿ ತಲುಪಿದ್ದು ‘ಓಕೆ’ ಒಂದೇ. ಆಮೇಲೆ ಬಂದ ಪದ್ಧತಿಯಲ್ಲಿ ಬರೀ ‘ಓಕೆ’ ಅನ್ನೋದು ಉತ್ತರವೇ ಅಲ್ಲ, ಸೂಚನೆಯ ಮುಖ್ಯ ಭಾಗವನ್ನು ತಿರುಗಿ ಹೇಳಬೇಕು.

ನಿಮ್ಮಲ್ಲೂ ಅಷ್ಟೇ ಸಾಕು. ಹೇಳಿದ ತಕ್ಷಣ ತಿರುಗಿ ಹೇಳೋದು: ‘ಲಾಟ್ ಏಳು, ಎರಡನೇ ಹಂಡೆ, ಚೊಗರು ಕಮ್ಮಿ. ಎಂಟಕ್ಕೆ ಏರಿಸ್ತೀನಿ.’ ಮುಗಿದ ಮೇಲೆ ಇನ್ನೊಂದು ಮಾತು: ‘ಏಳು ಇಳಿಸಿದೆ, ಅಟ್ಟಕ್ಕೆ ಹೋಯ್ತು.’ ಎಲ್ಲದಕ್ಕೂ ಇದನ್ನು ಹಚ್ಚಬೇಡಿ, ಬೇಸರ ಬಂದು ಮೂರೇ ದಿನಕ್ಕೆ ನಿಲ್ಲುತ್ತೆ. ಲಾಟ್ ನಂಬರು, ತೂಕ, ಹಂಡೆ ಅಥವಾ ಡ್ರೈಯರ್ ಬದಲಾವಣೆ, ಗಾಡಿ ಹೊರಡುವ ಹೊತ್ತು, ಇಷ್ಟಕ್ಕೆ ಮಾತ್ರ.

ಸುಲಿಯುವ ಮಿಷನ್ ಓಡುವಾಗ ‘ಇಪ್ಪತ್ತು’, ‘ಎಪ್ಪತ್ತು’ ಎರಡೂ ಒಂದೇ ಥರ ಕೇಳುತ್ತೆ. ‘ಎರಡು ಸೊನ್ನೆ’, ‘ಏಳು ಸೊನ್ನೆ’ ಅಂತ ಬಿಡಿಬಿಡಿಯಾಗಿ ಹೇಳಿಸಿ. ಮೊದಲ ವಾರ ನಗ್ತಾರೆ, ಅಣಕಿಸ್ತಾರೆ. ಅವರು ಹೇಳಿದ್ದನ್ನು ನೀವು ಮೊದಲು ತಿರುಗಿ ಹೇಳೋಕೆ ಶುರುಮಾಡಿ. ನಿಮ್ಮ ಬಾಯಲ್ಲೇ ‘ಆಯ್ತು ಆಯ್ತು’ ಬಂದ್ರೆ ಅವತ್ತಿಗೆ ನಿಯಮ ಸತ್ತ ಹಾಗೆ.

ಶರಾವತಿ_ಹಿನ್ನೀರು:

ಪಾಳಿ ಬದಲಾವಣೆಗೆ ಬಾಯಿಮಾತು ಒಂದೇ ಸಾಲದು. ಹಗಲಿನವರು 6.15ಕ್ಕೆ ಬಿಡಲಿ, ರಾತ್ರಿಯವರು 6ಕ್ಕೆ ಬರಲಿ. ಆ 15 ನಿಮಿಷದ ಸಂಬಳ ಇಬ್ಬರಿಗೂ ಕೊಡಿ. ಕೊಡದಿದ್ದರೆ ಗೇಟಿನ ಹತ್ತಿರ ‘ಎಲ್ಲ ಸರಿ ಇದೆ’ ಅಂದು ಬಸ್ಸಿಗೆ ಓಡ್ತಾರೆ. ಮಾತುಕತೆ ಆಫೀಸ್ ಮೇಜಿನ ಮುಂದೆ ಬೇಡ. ಹಂಡೆ, ಅಟ್ಟ, ಡ್ರೈಯರ್ ಹೀಗೆ ನಡೆದುಕೊಂಡೇ ಆಗಬೇಕು. ಬಾಯಿ ಮರೆತದ್ದು ಕಣ್ಣಿಗೆ ಬೀಳುತ್ತದೆ.

ಕಾರ್ಬನ್ ಇಟ್ಟು ಬರೆಯುವ ಒಂದೇ ಪುಸ್ತಕ, ಪಾಳಿಗೆ ಒಂದೇ ಪುಟ. ಅನುಕ್ರಮ ಮುಖ್ಯ: ಅರ್ಧ ಆದದ್ದು ಮೊದಲು, ಆಮೇಲೆ ಬದಲಾದದ್ದು, ಆಮೇಲೆ ಕೆಟ್ಟದ್ದು. ಮುಗಿದದ್ದನ್ನು ಬರೆಯದಿದ್ದರೂ ನಡೆಯುತ್ತದೆ. ಸಾಮಾನ್ಯವಾಗಿ ಜನ ಇದನ್ನು ತಿರುವುಮುರುವು ಮಾಡುತ್ತಾರೆ. ಮಾಡಿ ಮುಗಿಸಿದ್ದನ್ನೇ ಉದ್ದಕ್ಕೆ ಹೇಳಿ, ಅರ್ಧ ಆದದ್ದಕ್ಕೆ ಬರುವ ಹೊತ್ತಿಗೆ ಟೈಮ್ ಮುಗಿದಿರುತ್ತದೆ. ಒಂದು ಪುಟ ಹೀಗಿದ್ದರೆ ಸಾಕು:

ಹಂಡೆ 2: ಲಾಟ್ 7, ಸಂಜೆ 5.20ಕ್ಕೆ ಏರಿಸಿದ್ದು. ಇಳಿಸಬೇಕು.
ಸುಲಿದಿಟ್ಟದ್ದು: ಲಾಟ್ 9, 11 ಕ್ರೇಟ್. ಈ ರಾತ್ರಿಯೇ ಬೇಯಬೇಕು, ಬೆಳಿಗ್ಗೆವರೆಗೆ ಇಡುವ ಹಾಗಿಲ್ಲ.
ಬದಲು: ಲಾಟ್ 7ಕ್ಕೆ ಚೊಗರು ಕಮ್ಮಿ. ತೋಟದವರೇ ಮಧ್ಯಾಹ್ನ 3ಕ್ಕೆ ಹೇಳಿದ್ದು.
ಕೆಟ್ಟದ್ದು: ಡ್ರೈಯರ್ 1, ಫ್ಯಾನ್ ಬೆಲ್ಟ್ ಬಿಚ್ಚಿಟ್ಟಿದೆ. ಸ್ವಿಚ್ಚಿಗೆ ಕೆಂಪು ಬಟ್ಟೆ ಕಟ್ಟಿದೆ, ಹಾಕಬೇಡಿ.
ಕೊಟ್ಟವರು, ತಗೊಂಡವರು, ಹೊತ್ತು.

ಆ ಕೆಂಪು ಬಟ್ಟೆಯನ್ನು ಬಿಡಬೇಡಿ. 1988ರ ಜುಲೈ 6ರಂದು ಉತ್ತರ ಸಮುದ್ರದ ಪೈಪರ್ ಆಲ್ಫಾ ತೈಲ ವೇದಿಕೆ ಸ್ಫೋಟಿಸಿ 167 ಜನ ತೀರಿಕೊಂಡರು. ಒಂದು ಪಂಪಿನ ಸುರಕ್ಷತಾ ವಾಲ್ವನ್ನು ರಿಪೇರಿಗೆಂದು ಹಗಲಿನವರು ಬಿಚ್ಚಿದ್ದರು. ಪಂಪಿಗೆ ಒಂದು ಕಾಗದ, ವಾಲ್ವಿಗೆ ಬೇರೆ ಕಾಗದ, ಎರಡನ್ನೂ ಇಟ್ಟ ಜಾಗ ಬೇರೆ ಬೇರೆ. ರಾತ್ರಿ ಇನ್ನೊಂದು ಪಂಪ್ ನಿಂತಾಗ ಪಾಳಿಯವರ ಕೈಗೆ ಸಿಕ್ಕಿದ್ದು ಒಂದೇ ಕಾಗದ. ವಾಲ್ವ್ ಇಲ್ಲ ಅನ್ನುವುದು ತಿಳಿಯದೆ ಚಾಲೂ ಮಾಡಿದರು. ಅಲ್ಲಿ ಬರೆಯದೆ ಬಿಟ್ಟಿರಲಿಲ್ಲ. ಬರೆದದ್ದು, ಕೈ ಹಾಕುವ ಜಾಗದಲ್ಲಿ ಇರಲಿಲ್ಲ. ಆದ್ದರಿಂದ ಪುಸ್ತಕವೂ ಬೇಕು, ಸ್ವಿಚ್ಚಿನ ಮೇಲೆ ಗುರುತೂ ಬೇಕು.

ಕಂಬಳಿಕೊಪ್ಪೆ:

ವಾಟ್ಸಾಪ್ ಬಗ್ಗೆ ಚುಟುಕಾಗಿ. 22 ಜನ ಒಬ್ಬರಿಗೊಬ್ಬರು ನೇರ ಮಾತಾಡಿದ್ರೆ 231 ಜೋಡಿ ಆಗುತ್ತೆ, 22 ಗುಣಿಸು 21, ಭಾಗಿಸು 2. ನಾಲ್ಕು ವಿಭಾಗಕ್ಕೆ ಒಬ್ಬೊಬ್ಬ ಮೇಸ್ತ್ರಿ ಇಟ್ಟು ಅವರ ಮೂಲಕ ಹೋದ್ರೆ ವಿಭಾಗಗಳ ನಡುವೆ ಆರೇ ಜೋಡಿ. ಎಲ್ಲರನ್ನೂ ಒಂದೇ ಗ್ರೂಪಿಗೆ ತುಂಬೋದು ಅಂದ್ರೆ ಆ 231ನ್ನೂ ಒಂದೇ ಕೋಣೆಗೆ ಕೂಡಿಹಾಕಿದ ಹಾಗೆ. ‘ಗುಡ್ ಮಾರ್ನಿಂಗ್’ ಹೂವಿನ ಚಿತ್ರ, ಶಿವಮೊಗ್ಗ ಮಾರ್ಕೆಟ್ಟಿನ ರಾಶಿ ಅಡಿಕೆ ರೇಟು, ಬೆಟ್ಟೆ ಅಡಿಕೆ ರೇಟು, ಯಾರದೋ ಮನೆ ದನ ಕಾಣೆ. ಅದರ ಮಧ್ಯೆ ಲಾಟ್ ಏಳರ ಚೊಗರು.

ಅಡ್ಮಿನ್ ಮಾತ್ರ ಹಾಕಬಹುದಾದ ಒಂದು ಗ್ರೂಪ್ ಮಾಡಿ. ಅದಕ್ಕೆ ದಿನಕ್ಕೆ ಎರಡೇ ಫೋಟೊ, ಪಾಳಿ ಮುಗಿದಾಗಿನ ಆ ಪುಸ್ತಕದ ಪುಟ. ಹರಟೆಗೆ ಬೇರೆ ಗ್ರೂಪ್ ಇರಲಿ, ತಡೆಯೋಕೆ ಹೋಗಬೇಡಿ. ಅರ್ಜೆಂಟ್ ಇದ್ದರೆ ಫೋನ್. ಎರಡು ಸಲ ಎತ್ತಲಿಲ್ಲ ಅಂದ್ರೆ ಎದ್ದು ನಡೀರಿ. ಕೆಲಸದ ಸೂಚನೆಗೆ ವಾಯ್ಸ್ ಮೆಸೇಜ್ ಬೇಡವೇ ಬೇಡ. ಮಿಷನ್ ಸದ್ದಿನಲ್ಲಿ ಕೇಳಲ್ಲ, ನಾಳೆ ಹುಡುಕಿದ್ರೆ ಸಿಗಲ್ಲ. ನೀಲಿ ಟಿಕ್ ಬಂತು ಅಂದ್ರೆ ಪರದೆ ತೆರೆದರು ಅಂತ ಮಾತ್ರ, ತಲೆಗೆ ಹೋಯ್ತು ಅಂತಲ್ಲ. ಇನ್ನೊಂದು, ನಮ್ಮ ಕಡೆ ಕರೆಂಟ್ ಹೋದ ಸ್ವಲ್ಪ ಹೊತ್ತಿಗೆ ಟವರ್ರೂ ಹೋಗುತ್ತೆ, ಲಿಂಗನಮಕ್ಕಿ ಎಷ್ಟೇ ತುಂಬಿರಲಿ. ಕಾಗದವೇ ಅಸಲು, ಫೋನಿನಲ್ಲಿರೋದು ನಕಲು.

ಹಾಳೆಟೊಪ್ಪಿ:

ಸಹಿ ವಿಷಯದಲ್ಲಿ ನನ್ನದೊಂದು ತಕರಾರಿದೆ. ತಪ್ಪಾದಾಗ ‘ಸಹಿ ಯಾರದ್ದು?’ ಅಂತ ಪುಟ ತಿರುವಿದ್ರೆ, ಮುಂದಿನ ವಾರದಿಂದ ಪುಸ್ತಕದಲ್ಲಿ ‘ಎಲ್ಲಾ ಸರಿ’ ಬಿಟ್ಟು ಬೇರೇನೂ ಸಿಗಲ್ಲ. ಸಹಿ ಇರಲಿ, ಆದರೆ ಅದು ಯಾರನ್ನು ಕೇಳಬೇಕು ಅಂತ ತಿಳಿಯೋಕೆ; ಸಂಬಳ ಹಿಡಿಯೋಕಲ್ಲ. ಹಾರ್ವರ್ಡ್‌ನ ಏಮಿ ಎಡ್ಮಂಡ್ಸನ್ 1990ರ ದಶಕದಲ್ಲಿ ಆಸ್ಪತ್ರೆಯ ತಂಡಗಳನ್ನು ಅಭ್ಯಾಸ ಮಾಡಿದಾಗ, ಚೆನ್ನಾಗಿ ನಡೆಯುವ ತಂಡಗಳಲ್ಲೇ ಔಷಧದ ತಪ್ಪುಗಳು ಹೆಚ್ಚು ದಾಖಲಾಗಿದ್ದು ಕಂಡಿತು. ಅವರು ಹೆಚ್ಚು ತಪ್ಪು ಮಾಡ್ತಿದ್ರು ಅಂತಲ್ಲ, ಹೇಳೋಕೆ ಹೆದರ್ತಿರಲಿಲ್ಲ. ನಿಮ್ಮಲ್ಲಿ ಒಂದು ಸರಳ ಕಟ್ಟುಪಾಡು ಮಾಡಬಹುದು: ಲಾಟ್ ಬೆರಕೆ ಆಗಿದ್ದನ್ನು ಅಟ್ಟಕ್ಕೆ ಹರಡೋ ಮೊದಲು ತಾವಾಗಿ ಹೇಳಿದವರಿಗೆ ಬೈಗುಳವೂ ಇಲ್ಲ, ಸಂಬಳ ಹಿಡಿಯೋದೂ ಇಲ್ಲ. ಹರಡಿದ ಮೇಲೆ ಬೇರ್ಪಡಿಸೋಕೆ ಯಾರಿಂದಲೂ ಆಗಲ್ಲ, ಅದು ಅವರಿಗೂ ಗೊತ್ತು.

ಮೀಟಿಂಗಿನಲ್ಲಿ ಇಬ್ಬರೇ ಮಾತಾಡ್ತಾರೆ ಅಂದ್ರಲ್ಲ, ಸುಲಿಯೋರಿಗೆ ಕೂಲಿ ಕೆ.ಜಿ. ಲೆಕ್ಕದಲ್ಲಾ? ಹಾಗಿದ್ರೆ ಮುಕ್ಕಾಲು ಗಂಟೆ ಕೂತರೆ ಅವರ ದುಡ್ಡು ಹೋಯ್ತು. ಬಾಯಿ ಮುಚ್ಚಿ ಕೂತಿರೋದು ಸಂಕೋಚಕ್ಕಲ್ಲ, ಬೇಗ ಮುಗೀಲಿ ಅಂತ. ಆ 12 ಜನರನ್ನು ಬಿಟ್ಟುಬಿಡಿ. ನಾಲ್ಕು ಮೇಸ್ತ್ರಿಗಳು, ನೀವು, ಹತ್ತು ನಿಮಿಷ, ನಿಂತುಕೊಂಡೇ. ಸುಲಿಯುವ ಅಕ್ಕಂದಿರ ಮಾತು ಬೇಕಿದ್ರೆ ಕಾಫಿ ಹೊತ್ತಿಗೆ ನೀವೇ ಅವರ ಹತ್ತಿರ ಹೋಗಿ. ಯಾವ ತೋಟದ ಅಡಿಕೆ ಗೊನೆ ಎಳಸು, ಯಾವುದು ಬಲಿತು ಬಂದಿದೆ ಅನ್ನೋದು ಮೊದಲು ತಿಳಿಯೋದು ಅವರ ಕೈಗೆ. ಆ ಸುದ್ದಿ ಹಂಡೆಯವರಿಗೆ ಮುಂಚೆಯೇ ಸಿಕ್ಕಿದ್ರೆ ಬೇಯಿಸೋ ಹದ ಸರಿಹೋಗುತ್ತೆ.

‘ಅರ್ಥ ಆಯ್ತಾ?’ ಅಂತ ಮಾತ್ರ ಕೇಳಬೇಡಿ. ಅದಕ್ಕೆ ‘ಹ್ಞೂಂ’ ಬಿಟ್ಟು ಬೇರೆ ಉತ್ತರ ಇಲ್ಲ, ಅದರಲ್ಲೂ ಕೇಳುವವರು ಯಜಮಾನರಾಗಿದ್ರೆ. ‘ಅಣ್ಣಾ, ಈಗ ಮೊದಲು ಯಾವುದನ್ನ ಏರಿಸ್ತೀರಿ?’ ಅಂತ ಕೇಳಿ. ಅರ್ಥ ಆಗಿದೆಯೋ ಇಲ್ಲವೋ ಉತ್ತರದಲ್ಲೇ ಕಾಣುತ್ತೆ, ಹಿರಿಯರ ಮರ್ಯಾದೆಗೂ ಧಕ್ಕೆ ಇಲ್ಲ.

ತುಂಗಾತಟ:

ಎಲ್ಲರಿಗೂ ಧನ್ಯವಾದ. ಹೌದು, ಕೆ.ಜಿ. ಲೆಕ್ಕವೇ, ಆ ಕಡೆಯಿಂದ ಯೋಚನೆ ಮಾಡಿರಲಿಲ್ಲ. ಇನ್ನೊಂದೇ ತೊಡಕು. ಹಂಡೆ ನೋಡಿಕೊಳ್ಳೋ ಹಿರಿಯರಿಗೆ ಓದು ಬರಹ ಇಲ್ಲ, ಅವರಷ್ಟು ಹದ ಬಲ್ಲವರು ಬೇರೆ ಸಿಗಲ್ಲ. ಅವರ ಮುಂದೆ ಪುಸ್ತಕ ಹಿಡಿಯೋದು ಹೇಗೆ? ಕ್ರೇಟಿಗೆ ಹಚ್ಚಿದ ಚೀಟಿ ಹಬೆಗೆ ಅರ್ಧ ಗಂಟೆಯಲ್ಲಿ ಮುದ್ದೆಯಾಗುತ್ತೆ.

ಶರಾವತಿ_ಹಿನ್ನೀರು:

ಪುಸ್ತಕ ಅವರು ಬರೆಯಬೇಕಿಲ್ಲ. ಅವರು ಹೇಳಲಿ, ಪಾಳಿ ತಗೊಳ್ಳುವ ಹುಡುಗ ಬರೆದು ಗಟ್ಟಿಯಾಗಿ ಓದಲಿ, ತಪ್ಪಿದ್ದರೆ ಅವರು ತಿದ್ದಲಿ. ತಿರುಗಿ ಹೇಳುವ ಕೆಲಸ ಅಲ್ಲಿಗೆ ತಾನಾಗಿ ಆಗುತ್ತದೆ.

ಚೀಟಿ ಬಿಟ್ಟು ಬಿಲ್ಲೆ ಮಾಡಿಸಿ. ಕಬ್ಬಿಣದ ತಗಡು ಬೇಡ, ಚೊಗರು ತಾಗಿದರೆ ಕರ್ರಗಾಗುತ್ತದೆ, ಅಲ್ಯೂಮಿನಿಯಂ ಆಗಬಹುದು. ನಂಬರ್ ಬದಲು ತೂತು: ಸಾಲಿಗೆ ಐದು, ಹೆಚ್ಚಿದ್ದರೆ ಕೆಳಗಿನ ಸಾಲು. ಏಳು ಅಂದರೆ ಮೇಲೆ ಐದು, ಕೆಳಗೆ ಎರಡು. ಕತ್ತಲಲ್ಲಿ ಬೆರಳಿಗೂ ತಿಳಿಯುತ್ತದೆ. 1ರಿಂದ 12ರವರೆಗೆ, ಒಂದೊಂದಕ್ಕೂ 15 ಬಿಲ್ಲೆ, ತಂತಿಯ ಕೊಕ್ಕೆ ಹಾಕಿ. ಕ್ರೇಟಿಗೆ ಒಂದೊಂದು ಬಿಲ್ಲೆ. ಕಾಯಿ ಹಂಡೆಗೆ ಸುರಿದಾಗ ಬಿಲ್ಲೆಗಳು ಹಂಡೆ ಪಕ್ಕದ ಮೊಳೆಗೆ, ಇಳಿಸಿದ ಮೇಲೆ ಅದೇ ಬಿಲ್ಲೆಗಳು ಅಟ್ಟದ ಕಂಬಕ್ಕೆ, ಒಣಗಿ ಚೀಲ ಕಟ್ಟಿದ ಮೇಲೆ ಬಾಗಿಲ ಪಕ್ಕದ ಹಲಗೆಗೆ ವಾಪಸ್. ಬಂದ ಬಿಲ್ಲೆಯನ್ನು ಎಣಿಸುವ ಕೆಲಸ ಗಾಡಿಯವರದ್ದು. ಆ ಹಲಗೆಯಲ್ಲಿ ಏಳರ ಮೊಳೆಗೆ 15ರ ಬದಲು 14 ಇದ್ದರೆ ಆ ಲಾಟಿನ ಮಾಲು ಇನ್ನೂ ಒಳಗೆಲ್ಲೋ ಇದೆ ಅಥವಾ ಬೇರೆಯವರ ಚೀಲಕ್ಕೆ ಹೋಗಿದೆ. ಅದು ಸಿಗುವ ತನಕ ಗಾಡಿ ಬಿಡಬೇಡಿ.