ಮಧ್ಯಾಹ್ನವಾದರೆ ಅರ್ಧ ಆಫೀಸಿಗೆ ನೆಟ್ ಇಲ್ಲ: ನಿಮ್ಮಲ್ಲಿ ಹೇಗೆ ಸರಿಹೋಯಿತು?

ಕೇಳಿದವರು
ನಮ್ಮದು ಮೂವತ್ತು ಕಂಪ್ಯೂಟರ್ ಇರುವ ಆಫೀಸು. ಮಧ್ಯಾಹ್ನದ ಹೊತ್ತಿಗೆ ಕೆಲವರಿಗೆ ಇಂಟರ್ನೆಟ್ ಹೋಗುತ್ತದೆ. ಪಕ್ಕದ ಸೀಟಿನವರಿಗೆ ಚೆನ್ನಾಗಿಯೇ ಓಡುತ್ತಿರುತ್ತದೆ. ರೀಸ್ಟಾರ್ಟ್ ಮಾಡಿದರೆ ಒಮ್ಮೊಮ್ಮೆ ಬರುತ್ತದೆ, ಒಮ್ಮೊಮ್ಮೆ ಇಲ್ಲ. ನಾನು ಅಕೌಂಟ್ಸ್ ನೋಡಿಕೊಳ್ಳುವವಳು. ಕಂಪ್ಯೂಟರ್ ಸ್ವಲ್ಪ ಗೊತ್ತು ಅಂತ ಇದೂ ನನ್ನ ತಲೆಗೆ ಬಂದಿದೆ. ಸ್ವಿಚ್, ರೂಟರ್ ಎಲ್ಲ ಬದಲಿಸಿ ಅಂತ ಒಬ್ಬರು ಹೇಳುತ್ತಿದ್ದಾರೆ. ಬದಲಿಸಬೇಕಾ, ನಾನೇ ಕಲಿತು ಹುಡುಕಬಹುದಾ? ಅನುಭವ ಇದ್ದವರು ಹೇಳಿ.

ಕೇಬಲ್ ಕೆಲಸದವನು
ಮೇಡಂ, ಯಾವುದನ್ನೂ ಕೊಳ್ಳುವ ಮೊದಲು ಕೇಬಲ್ ನೋಡಿ. ನಮ್ಮ ಕಥೆ ಕೇಳಿ. ಹೊಸ ಕಟ್ಟಡಕ್ಕೆ ಹೋದಾಗ ಕಂಟ್ರಾಕ್ಟರ್ ಒಬ್ಬರು ಇಡೀ ಮಹಡಿಗೆ ಕ್ಯಾಟ್ 5ಇ ನೆಟ್‌ವರ್ಕ್ ಕೇಬಲ್ ಎಳೆದುಕೊಟ್ಟರು. ಕೇಬಲ್ ಟೆಸ್ಟರ್ ಹಾಕಿ ತೋರಿಸಿದರು. ಎಂಟೂ ದೀಪ ಸಾಲಾಗಿ ಹತ್ತಿದವು. ಬಿಲ್ ಕೊಟ್ಟೆವು. ಆಮೇಲೆ ಶುರುವಾಯಿತು ಗೋಳು. ದೊಡ್ಡ ಫೈಲ್ ಕಳಿಸಿದರೆ ಅರ್ಧದಲ್ಲಿ ನಿಲ್ಲುತ್ತಿತ್ತು. ಎಷ್ಟೋ ಕಂಪ್ಯೂಟರ್‌ಗಳಲ್ಲಿ ಲಿಂಕ್ ಗಿಗಾಬಿಟ್ ಬದಲು 100 ಮೆಗಾಬಿಟ್‌ನಲ್ಲಿ ಏಳುತ್ತಿತ್ತು. ಗಿಗಾಬಿಟ್‌ಗೆ ಕೇಬಲ್ಲಿನ ನಾಲ್ಕೂ ಜೋಡಿ ತಂತಿ ಬೇಕು, 100ಕ್ಕೆ ಎರಡೇ ಸಾಕು. 1, 2, 3, 6ನೇ ಪಿನ್ ಸರಿ ಇದ್ದರೆ 100ರಲ್ಲಿ ಹೇಗೋ ಓಡುತ್ತದೆ.

ಕೊನೆಗೆ ಜ್ಯಾಕ್ ಬಿಚ್ಚಿ ನೋಡಿದರೆ ಆತ ಬಣ್ಣಗಳನ್ನು ಪಕ್ಕಪಕ್ಕದಲ್ಲಿ ಜೋಡಿ ಮಾಡಿದ್ದ. 1-2, 3-4, 5-6, 7-8. ಹೀಗೆ ಮಾಡಿದರೆ ಒಂದೇ ಜೋಡಿಯಲ್ಲಿರಬೇಕಾದ 3 ಮತ್ತು 6 ಬೇರೆಬೇರೆ ಜೋಡಿಗೆ ಹೋಗುತ್ತವೆ. ಒಂದರ ಸಿಗ್ನಲ್ ಇನ್ನೊಂದರಲ್ಲಿ ಸೋರುತ್ತದೆ. ತಂತಿ ಈ ತುದಿಯಿಂದ ಆ ತುದಿಗೆ ಮುಟ್ಟುತ್ತದೆ, ಹಾಗಾಗಿ ಅಗ್ಗದ ಟೆಸ್ಟರ್‌ನಲ್ಲಿ ಎಲ್ಲ ಸರಿ ಅಂತಲೇ ಬರುತ್ತದೆ. ಅದರ ಮೇಲೆ, ತಾಮ್ರ ಅಂತ ಹೇಳಿ ಹಾಕಿದ್ದು ತಾಮ್ರ ಲೇಪಿಸಿದ ಅಲ್ಯೂಮಿನಿಯಂ. ಬ್ಲೇಡಿನಲ್ಲಿ ಕೆರೆದರೆ ಒಳಗೆ ಬಿಳಿ. ಸೀಲಿಂಗ್ ಬಿಚ್ಚಿ, ಎಲ್ಲ ಎಳೆದುಹಾಕಿ, ರಜಾ ದಿನಗಳಲ್ಲೆಲ್ಲ ಕೂತು ಮತ್ತೆ ಹಾಕಿದೆವು. ಸೀಲಿಂಗ್ ಸರಿ ಮಾಡಿಸಲು ಕೇಬಲ್‌ಗಿಂತ ಜಾಸ್ತಿ ಖರ್ಚಾಯಿತು. ಸ್ವಿಚ್ ಹಳೆಯದೇ. ಇವತ್ತಿಗೂ ಓಡುತ್ತಿದೆ.

ಆಸ್ಪತ್ರೆಯೊಂದರ ಐಟಿ ವಿಭಾಗ
ನಾನು ಬದಲಿಸಿ ಅಂತಲೇ ಹೇಳುತ್ತೇನೆ. ಸಾದಾ ಸ್ವಿಚ್ ಇಟ್ಟುಕೊಂಡು ಮೂವತ್ತು ಕಂಪ್ಯೂಟರ್ ನಡೆಸುವುದು ಕಣ್ಣು ಕಟ್ಟಿಕೊಂಡು ನಡೆದ ಹಾಗೆ.

ನಮ್ಮಲ್ಲಿ ಯಾರೋ ಮೇಜಿನ ಕೆಳಗೆ ಬಿದ್ದಿದ್ದ ಕೇಬಲ್ಲಿನ ಎರಡೂ ತುದಿಯನ್ನು ಗೋಡೆಯ ಎರಡು ಸಾಕೆಟ್‌ಗೆ ಚುಚ್ಚಿದ್ದರು. ಅಷ್ಟೇ. ಇಡೀ ಕಟ್ಟಡ ನಿಂತಿತು. ಸ್ವಿಚ್ ದೀಪಗಳೆಲ್ಲ ಒಟ್ಟಿಗೆ ಮಿನುಗುತ್ತಿದ್ದವು. ಐಪಿ ಪ್ಯಾಕೆಟ್‌ಗೆ ಟಿಟಿಎಲ್ ಅಂತ ಆಯುಸ್ಸಿನ ಎಣಿಕೆ ಇರುತ್ತದೆ, ಸುತ್ತಿ ಸುತ್ತಿ ಸಾಯುತ್ತದೆ. ಅದನ್ನು ಹೊತ್ತೊಯ್ಯುವ ಈಥರ್ನೆಟ್ ಫ್ರೇಮಿಗೆ ಆ ಎಣಿಕೆ ಇಲ್ಲ. ಎಲ್ಲರಿಗೂ ಹೋಗುವ ಒಂದು ಬ್ರಾಡ್‌ಕಾಸ್ಟ್ ಇಂಥ ಲೂಪಿಗೆ (ಸುತ್ತುದಾರಿಗೆ) ಬಿದ್ದರೆ ಸುತ್ತುತ್ತಲೇ ಇರುತ್ತದೆ. ಇದಕ್ಕೆ ರೇಡಿಯಾ ಪರ್ಲ್‌ಮನ್ 1985ರಲ್ಲೇ, ಲೂಪ್ ಆಗುವ ದಾರಿಯನ್ನು ಸ್ವಿಚ್ ತಾನೇ ಮುಚ್ಚುವ ಸ್ಪ್ಯಾನಿಂಗ್ ಟ್ರೀ ಅಂತ ದಾರಿ ಕಂಡುಹಿಡಿದಿದ್ದಾರೆ. ಅಗ್ಗದ ಸ್ವಿಚ್‌ಗಳಲ್ಲಿ ಸಾಮಾನ್ಯವಾಗಿ ಅದು ಇರುವುದಿಲ್ಲ. ಲೂಪ್ ಹುಡುಕಲು ನಾವು ರಾತ್ರಿಯಿಡೀ ಒಂದೊಂದೇ ಕೇಬಲ್ ಕಿತ್ತೆವು. ವಾರ್ಡಿನವರು ಕಾಗದದಲ್ಲಿ ಬರೆದುಕೊಂಡು ಕೂತಿದ್ದರು. ಅದನ್ನೆಲ್ಲ ಆಮೇಲೆ ಕಂಪ್ಯೂಟರ್‌ಗೆ ಏರಿಸಿದ ಓವರ್‌ಟೈಮ್ ಲೆಕ್ಕ ಹಾಕಿದರೆ ಒಂದು ಒಳ್ಳೆಯ ಸ್ವಿಚ್ ಬರುತ್ತಿತ್ತು.

ಮ್ಯಾನೇಜ್ಡ್ ಸ್ವಿಚ್ (ಒಳಗೆ ಹೋಗಿ ನೋಡಿ, ಸೆಟ್ ಮಾಡಬಹುದಾದದ್ದು) ತಂದ ಮೇಲೂ ಒಂದು ತೊಡಕು ಬಂತು. ಬೆಳಿಗ್ಗೆ ಕಂಪ್ಯೂಟರ್ ಆನ್ ಮಾಡಿದರೆ 169.254 ಅಂತ ವಿಳಾಸ. ಹಳೆಯ ಸ್ಪ್ಯಾನಿಂಗ್ ಟ್ರೀಯಲ್ಲಿ ಪೋರ್ಟ್ ತೆರೆಯಲು 15 ಮತ್ತು 15, ಒಟ್ಟು 30 ಸೆಕೆಂಡ್ ಬೇಕು. ಅಷ್ಟರಲ್ಲಿ ಕಂಪ್ಯೂಟರ್ ಡಿಎಚ್‌ಸಿಪಿಯನ್ನು (ವಿಳಾಸ ಹಂಚುವ ವ್ಯವಸ್ಥೆ) ಕೇಳಿ ಕೇಳಿ ಸುಸ್ತಾಗಿ ತಾನೇ ಒಂದು ವಿಳಾಸ ಹಾಕಿಕೊಳ್ಳುತ್ತಿತ್ತು. ಕಂಪ್ಯೂಟರ್ ಇರುವ ಪೋರ್ಟ್‌ಗಳನ್ನೆಲ್ಲ ಕಾಯದೆ ಕೂಡಲೇ ತೆರೆಯುವ ಎಡ್ಜ್ ಪೋರ್ಟ್ ಮಾಡಿದ ಮೇಲೆ ಹೋಯಿತು. ಆಮೇಲೆ ಇವತ್ತಿನವರೆಗೆ ಒಂದೇ ಒಂದು ದಿನ ನಿಂತಿಲ್ಲ.

ಕೇಬಲ್ ಕೆಲಸದವನು
ಹಣ ಅವರದ್ದು, ಸಲಹೆ ನಿಮ್ಮದು. ಬದಲಿಸಿ ಅನ್ನುವುದು ಸುಲಭ ಅಲ್ವಾ? ಗೋಡೆಯೊಳಗಿನ ತಂತಿ ಕೆಟ್ಟಿದ್ದರೆ ಯಾವ ಮ್ಯಾನೇಜ್ಡ್ ಸ್ವಿಚ್ ಬಂದು ಸರಿ ಮಾಡುತ್ತದೆ?

ಆಸ್ಪತ್ರೆಯೊಂದರ ಐಟಿ ವಿಭಾಗ
ಸರಿ ಮಾಡುವುದಿಲ್ಲ, ತೋರಿಸುತ್ತದೆ. ಯಾವ ಪೋರ್ಟಿನಲ್ಲಿ ಸಿಆರ್‌ಸಿ ಎರರ್ (ದಾರಿಯಲ್ಲಿ ಕೆಟ್ಟ ಡೇಟಾದ ಲೆಕ್ಕ) ಏರುತ್ತಿದೆ ಅಂತ ಕೂತಲ್ಲೇ ಕಾಣುತ್ತದೆ. ನಿಮಗೆ ಆ ಲೆಕ್ಕ ಕಂಡಿದ್ದರೆ ಎಲ್ಲ ಜ್ಯಾಕ್ ಬಿಚ್ಚುವ ಕೆಲಸವೇ ಇರುತ್ತಿರಲಿಲ್ಲ.

ಪ್ಯಾಕೆಟ್ ನೋಡುವವಳು
ಇಬ್ಬರೂ ವಸ್ತುಗಳ ಬಗ್ಗೆಯೇ ಮಾತಾಡುತ್ತಿದ್ದೀರಿ. ನಮ್ಮಲ್ಲಿ ಕೇಬಲ್ ಹೊಸದು, ಸ್ವಿಚ್ ಹೊಸದು, ಫೈರ್‌ವಾಲ್ ಇನ್ನೂ ಹೊಸದು. ಆದರೂ ತಿಂಗಳುಗಟ್ಟಲೆ ನರಳಿದೆವು. ಕೆಲವು ಸೈಟ್ ತೆರೆಯುತ್ತಿತ್ತು, ಕೆಲವು ಬಿಳಿ ಪರದೆಯಲ್ಲೇ ನಿಲ್ಲುತ್ತಿತ್ತು. ಸಣ್ಣ ಮೇಲ್ ಹೋಗುತ್ತಿತ್ತು, ಅಟ್ಯಾಚ್‌ಮೆಂಟ್ ಇದ್ದರೆ ಇಲ್ಲ. ಫೈರ್‌ವಾಲ್ ಮಾರಿದವರಿಗೆ ಫೋನ್ ಮಾಡಿದಾಗಲೆಲ್ಲ ಒಂದೇ ಮಾತು: ಪಿಂಗ್ (ಇದ್ದೀಯಾ ಅಂತ ಕೇಳಿದ್ದಕ್ಕೆ ಉತ್ತರ) ಬರ್ತಿದೆಯಲ್ಲ ಮೇಡಂ, ನೆಟ್‌ವರ್ಕ್ ಸರಿ ಇದೆ. ಇಂಟರ್ನೆಟ್ ಕೊಡುವವರದ್ದೂ ಅದೇ ಉತ್ತರ. ಟೆಂಡರ್ ಅಪ್‌ಲೋಡ್ ಆಗದೆ ಒಂದು ಕೆಲಸವೇ ಕೈ ತಪ್ಪಿತು. ಬೈಸಿಕೊಂಡಿದ್ದು ನಾನು.

ಪ್ಯಾಕೆಟ್ ಹಿಡಿದು ತೋರಿಸುವ ವೈರ್‌ಶಾರ್ಕ್ ಹಾಕಿ ಕೂತೆ. ದೊಡ್ಡ ಪ್ಯಾಕೆಟ್ ಹೋಗುತ್ತದೆ, ಉತ್ತರ ಇಲ್ಲ. ಮತ್ತೆ ಹೋಗುತ್ತದೆ, ಉತ್ತರ ಇಲ್ಲ. ಆಮೇಲೆ ಒಡೆಯಬೇಡ ಅನ್ನುವ ಗುರುತು ಹಾಕಿ ಬೇರೆಬೇರೆ ಗಾತ್ರದ ಪಿಂಗ್ ಕಳಿಸಿದೆ. ಈಥರ್ನೆಟ್‌ನ ಎಂಟಿಯು, ಅಂದರೆ ಒಂದು ಪ್ಯಾಕೆಟ್‌ನ ಗರಿಷ್ಠ ಗಾತ್ರ, 1500 ಬೈಟ್. ಅದರಲ್ಲಿ ಐಪಿ ತಲೆಗೆ 20, ಐಸಿಎಂಪಿಗೆ (ಪಿಂಗ್ ಮತ್ತು ನೆಟ್‌ವರ್ಕ್‌ನ ದೂರು ಸಂದೇಶಗಳು ಹೋಗುವ ಬಗೆ) 8 ಬಿಟ್ಟರೆ 1472 ಬೈಟ್ ಹೋಗಬೇಕು. ನಮ್ಮಲ್ಲಿ 1464ಕ್ಕೆ ನಿಲ್ಲುತ್ತಿತ್ತು. ಯಾಕೆಂದರೆ ನಮ್ಮ ಲೈನ್ ಪಿಪಿಪಿಒಇ (ಲಾಗಿನ್ ಆಗಿ ಕೂಡುವ ಬಗೆ). ಅದು 8 ಬೈಟ್ ತಿಂದು 1492 ಉಳಿಸುತ್ತದೆ. ಪ್ಯಾಕೆಟ್ ದೊಡ್ಡದಾಯಿತು, ಸಣ್ಣದು ಕಳಿಸು ಅಂತ ದಾರಿಯ ರೂಟರ್ ಐಸಿಎಂಪಿಯಲ್ಲಿ ಹೇಳುತ್ತಿತ್ತು. ಆ ಫೈರ್‌ವಾಲ್ ಪಿಂಗ್‌ನ ಉತ್ತರ ಬಿಟ್ಟು ಉಳಿದ ಐಸಿಎಂಪಿಯನ್ನೆಲ್ಲ ಎಸೆಯುತ್ತಿತ್ತು. ಎಂಎಸ್‌ಎಸ್ (ಒಂದು ಪ್ಯಾಕೆಟ್‌ನಲ್ಲಿ ಹೋಗುವ ಡೇಟಾದ ಮಿತಿ) 1452ಕ್ಕೆ ಇಳಿಸಿದ ಕೂಡಲೇ ಎಲ್ಲ ತೆರೆಯಿತು. ಪಿಂಗ್ ಬಂದರೆ ನೆಟ್‌ವರ್ಕ್ ಸರಿ ಅನ್ನುವ ಮಾತನ್ನು ದಯವಿಟ್ಟು ಯಾರೂ ಕಲಿಸಬೇಡಿ. ಮಾಮೂಲಿ ಪಿಂಗ್ ತೀರಾ ಸಣ್ಣದು. ಅದು ಎಲ್ಲಿಂದ ಬೇಕಾದರೂ ನುಸುಳುತ್ತದೆ.

ಫೈರ್‌ವಾಲ್ ನೋಡಿಕೊಳ್ಳುವವನು
ಐಸಿಎಂಪಿ ಬಂದ್ ಮಾಡುವುದು ಭದ್ರತೆಗೆ. ಹೊರಗಿನವರು ಪಿಂಗ್ ಮಾಡಿ ಯಾವ್ಯಾವ ಯಂತ್ರ ಇದೆ ಅಂತ ಪಟ್ಟಿ ಮಾಡುತ್ತಾರೆ. ನಾನು ಎಲ್ಲ ಕಡೆ ಬಂದ್ ಮಾಡಿಯೇ ಕೊಡುತ್ತೇನೆ. ಯಾರೂ ದೂರು ಹೇಳಿಲ್ಲ.

ಪ್ಯಾಕೆಟ್ ನೋಡುವವಳು
ದೂರು ನಿಮ್ಮ ತನಕ ಬಂದಿಲ್ಲ ಅಷ್ಟೇ. ಜನ ಇಂಟರ್ನೆಟ್ ನಿಧಾನ ಅಂತ ಲೈನ್ ಕೊಟ್ಟವರನ್ನು ಬೈದುಕೊಂಡು ಸುಮ್ಮನಾಗುತ್ತಾರೆ. ಹೊರಗಿನಿಂದ ಬರುವ ಎಕೋ (ಪಿಂಗ್) ಬೇಡ ಅಂದರೆ ಅದನ್ನೊಂದೇ ತಡೆಯಿರಿ. ಪ್ಯಾಕೆಟ್ ದೊಡ್ಡದಾಯಿತು ಅನ್ನುವ ಟೈಪ್ 3, ಕೋಡ್ 4 ಬಿಡಲೇಬೇಕು. ಹೊಸ ಪೀಳಿಗೆಯ ಐಪಿ, ಐಪಿವಿ6ನಲ್ಲಿ ದಾರಿಯ ರೂಟರ್‌ಗಳು ಪ್ಯಾಕೆಟ್ ಒಡೆಯುವುದೇ ಇಲ್ಲ. ಪಕ್ಕದ ಯಂತ್ರದ ವಿಳಾಸ ಹುಡುಕುವುದೂ ಅಲ್ಲಿ ಐಸಿಎಂಪಿಯಲ್ಲೇ. ಅಲ್ಲೂ ಪೂರ್ತಿ ಬಂದ್ ಮಾಡುತ್ತೀರಾ?

ಫೈರ್‌ವಾಲ್ ನೋಡಿಕೊಳ್ಳುವವನು
ಐಪಿವಿ6 ನಾವು ಆಫ್ ಮಾಡಿರುತ್ತೇವೆ. ಪುಸ್ತಕದ ಮಾತು ಬೇರೆ, ಆಫೀಸ್ ನಡೆಸುವುದು ಬೇರೆ.

ಶಾಲಾ ಲ್ಯಾಬ್ ನೋಡಿಕೊಳ್ಳುವವರು
ಪುಸ್ತಕವನ್ನು ಹಗುರ ಮಾಡಬೇಡಿ. ನಾನು ಕೆಲಸ ಮಾಡುತ್ತಲೇ ರಾತ್ರಿ ಓದಿ ಸರ್ಟಿಫಿಕೇಟ್ ಪರೀಕ್ಷೆ ಬರೆದವನು. ಅದಕ್ಕೆ ಮುಂಚೆ ಬಂದವರೆಲ್ಲ ರೂಟರ್ ಆಫ್ ಮಾಡಿ ಆನ್ ಮಾಡಿ ಹೋಗುತ್ತಿದ್ದರು, ಪ್ರತಿ ಸಲ ಹಣ. ಓದಿದ ಮೇಲೆ ಗೊತ್ತಾಗಿದ್ದು: ಸ್ವಿಚ್ ಪೋರ್ಟನ್ನು ಯಾರೋ 100 ಫುಲ್ ಡ್ಯೂಪ್ಲೆಕ್ಸ್ (ಎರಡೂ ಕಡೆ ಒಟ್ಟಿಗೆ ಮಾತಾಡುವುದು) ಅಂತ ಕಟ್ಟಿಹಾಕಿದ್ದರು, ಸರ್ವರ್ ಆಟೋದಲ್ಲಿತ್ತು. ಆಟೋದವನಿಗೆ ಎದುರಿನಿಂದ ಮಾತುಕತೆ ಬರದಿದ್ದರೆ ವೇಗ ತಿಳಿಯುತ್ತದೆ, ಡ್ಯೂಪ್ಲೆಕ್ಸ್ ತಿಳಿಯುವುದಿಲ್ಲ. ಹಾಫ್‌ಗೆ, ಅಂದರೆ ಒಮ್ಮೆಗೆ ಒಂದೇ ಕಡೆ ಮಾತಾಡುವುದಕ್ಕೆ, ಇಳಿಯುತ್ತದೆ. ಮಕ್ಕಳು ಒಬ್ಬಿಬ್ಬರು ಕೂತರೆ ಚೆಂದ, ಇಡೀ ತರಗತಿ ಕೂತರೆ ಸತ್ತೇಹೋಯಿತು. ಎರಡೂ ಕಡೆ ಆಟೋ ಮಾಡಿದೆ, ಮುಗಿಯಿತು. ಕೆಳಗಿನ ಲೇಯರ್‌ನಿಂದ, ಅಂದರೆ ಕೇಬಲ್‌ನಿಂದ, ಮೇಲಕ್ಕೆ ಹೋಗಿ. ಯಾವಾಗಲೂ.

ಪ್ಯಾಕೆಟ್ ನೋಡುವವಳು
ಯಾವಾಗಲೂ ಅಲ್ಲ. ಮಧ್ಯದಿಂದ ಶುರು ಮಾಡಿ. ಗೇಟ್‌ವೇ (ಹೊರಗೆ ಹೋಗುವ ದಾರಿಯ ರೂಟರ್) ಪಿಂಗ್‌ಗೆ ಉತ್ತರ ಕೊಟ್ಟರೆ ಕೇಬಲ್ಲಿನ ಅರ್ಧ ಅನುಮಾನ ಅಲ್ಲೇ ಹೋಗುತ್ತದೆ.

ಕೇಬಲ್ ಕೆಲಸದವನು
ಈಗ ತಾನೇ ಪಿಂಗ್ ನಂಬಬೇಡಿ ಅಂದಿರಿ!

ಕೇಳಿದವರು
ಜಗಳ ಆಡಬೇಡಿ, ಎಲ್ಲ ಓದುತ್ತಿದ್ದೇನೆ. ಇವತ್ತು ನಿಂತಾಗ ಎರಡು ಕಂಪ್ಯೂಟರ್ ಪಕ್ಕಪಕ್ಕ ಇಟ್ಟು ನೋಡಿದೆ. ನೆಟ್ ಇರುವುದರಲ್ಲಿ ವಿಳಾಸ 192.168.10 ಅಂತ ಶುರುವಾಗುತ್ತದೆ. ಇಲ್ಲದಿರುವುದರಲ್ಲಿ 192.168.0 ಅಂತ. ಗೇಟ್‌ವೇಯೂ ಬೇರೆ, 192.168.0.1. ನಮ್ಮ ರೂಟರ್ 192.168.10.1. ಇದರ ಅರ್ಥ ಏನು?

ಶಾಲಾ ಲ್ಯಾಬ್ ನೋಡಿಕೊಳ್ಳುವವರು
ಸಿಕ್ಕಿತು ಮೇಡಂ! ನಿಮ್ಮಲ್ಲಿ ಎರಡನೇ ಡಿಎಚ್‌ಸಿಪಿ ಇದೆ. ಯಾರೋ ವೈಫೈಗೆ ಅಂತ ಒಂದು ಸಣ್ಣ ರೂಟರ್ ತಂದು, ನಿಮ್ಮ ಆಫೀಸಿನ ಕೇಬಲ್ಲನ್ನು ಅದರ ವ್ಯಾನ್ (ಹೊರಗಿನ ಲೈನಿನ) ಪೋರ್ಟಿಗೆ ಹಾಕದೆ ಲ್ಯಾನ್ (ಒಳಗಿನ) ಪೋರ್ಟಿಗೆ ಹಾಕಿದ್ದಾರೆ. ಈಗ ಅದೂ ವಿಳಾಸ ಹಂಚುತ್ತಿದೆ. ಹೊಸದಾಗಿ ಆನ್ ಆದ ಕಂಪ್ಯೂಟರ್ ಎಲ್ಲರನ್ನೂ ಕೇಳುತ್ತದೆ, ಸಾಮಾನ್ಯವಾಗಿ ಮೊದಲು ಬಂದ ಉತ್ತರ ಹಿಡಿಯುತ್ತದೆ. ಅದಕ್ಕೇ ರೀಸ್ಟಾರ್ಟ್ ಮಾಡಿದರೆ ಒಮ್ಮೆ ಸರಿ, ಒಮ್ಮೆ ಇಲ್ಲ. ಬೆಳಿಗ್ಗೆಯೇ ಸರಿಯಾದ ವಿಳಾಸ ಪಡೆದವರು ಹಾಗೇ ಓಡುತ್ತಿರುತ್ತಾರೆ. ಮಧ್ಯಾಹ್ನ ಆ ರೂಟರ್ ಆನ್ ಮಾಡುವವರು ಯಾರು ನೋಡಿ.

ಹುಡುಕುವುದು ಹೀಗೆ. ನೆಟ್ ಇಲ್ಲದ ಕಂಪ್ಯೂಟರ್‌ನಿಂದ 192.168.0.1ಕ್ಕೆ ಬಿಡದೆ ಪಿಂಗ್ ಹಾಕಿ. ಸ್ವಿಚ್‌ನಲ್ಲಿ ಒಂದೊಂದೇ ಕೇಬಲ್ ತೆಗೆದು, ಮತ್ತೆ ಹಾಕುತ್ತಾ ಹೋಗಿ. ಯಾವುದು ತೆಗೆದಾಗ ಪಿಂಗ್ ನಿಲ್ಲುತ್ತದೋ ಆ ಕೇಬಲ್ ಹಿಡಿದು ನಡೆಯಿರಿ. ನಿಮ್ಮ ಕಂಪ್ಯೂಟರಿನದ್ದನ್ನು ಮಾತ್ರ ಮುಟ್ಟಬೇಡಿ. ಕಂಪ್ಯೂಟರಿನ ಎಆರ್‌ಪಿ ಪಟ್ಟಿಯಲ್ಲಿ (ಐಪಿಗೆ ಯಾವ ಯಂತ್ರ ಅನ್ನುವ ಪಟ್ಟಿ) ಆ ರೂಟರಿನ ಮ್ಯಾಕ್ ವಿಳಾಸ, ಅಂದರೆ ಯಂತ್ರದ ಸ್ವಂತ ಗುರುತು, ನೋಡಿ ಬರೆದುಕೊಳ್ಳಿ. ಮೊದಲ ಆರು ಅಕ್ಷರದಿಂದ ಯಾವ ಕಂಪನಿಯ ಪೆಟ್ಟಿಗೆ ಅಂತ ಸಾಮಾನ್ಯವಾಗಿ ಗೊತ್ತಾಗುತ್ತದೆ.

ಆಸ್ಪತ್ರೆಯೊಂದರ ಐಟಿ ವಿಭಾಗ
ಮ್ಯಾನೇಜ್ಡ್ ಸ್ವಿಚ್ ಇದ್ದಿದ್ದರೆ ಆ ಮ್ಯಾಕ್ ಯಾವ ಪೋರ್ಟಿನಲ್ಲಿದೆ ಅಂತ ಒಂದು ನಿಮಿಷದಲ್ಲಿ ಸಿಗುತ್ತಿತ್ತು. ಡಿಎಚ್‌ಸಿಪಿ ಸ್ನೂಪಿಂಗ್ ಆನ್ ಮಾಡಿದರೆ ಇಂಥ ರೂಟರ್ ಎಷ್ಟು ತಂದರೂ ಅದರ ಉತ್ತರ ಸ್ವಿಚ್‌ನಲ್ಲೇ ಬಿದ್ದುಹೋಗುತ್ತದೆ. ನಾನು ಮೊದಲೇ ಹೇಳಿದ್ದೆ.

ಕೇಬಲ್ ಕೆಲಸದವನು
ಮೂವತ್ತು ಕೇಬಲ್ ಕಿತ್ತು ಹಾಕಲು ಅರ್ಧ ಗಂಟೆ ಸಾಕು. ಅದಕ್ಕೆ ಹೊಸ ಸ್ವಿಚ್ ಕೊಳ್ಳಬೇಕಾ? ಮೇಡಂ, ಪ್ರತಿ ಕೇಬಲ್ಲಿಗೂ ಎರಡೂ ತುದಿಯಲ್ಲಿ ನಂಬರ್ ಅಂಟಿಸಿ. ಲೇಬಲ್ ಇಲ್ಲದ ಸ್ವಿಚ್ ಎಷ್ಟೇ ದುಬಾರಿಯದ್ದಾದರೂ ದಂಡ.

ಪ್ಯಾಕೆಟ್ ನೋಡುವವಳು
ಸ್ನೂಪಿಂಗ್ ಹಾಕುವುದಾದರೆ ನಿಮ್ಮ ಅಸಲಿ ಡಿಎಚ್‌ಸಿಪಿ ಇರುವ ಪೋರ್ಟನ್ನು ಮೊದಲು ಟ್ರಸ್ಟೆಡ್ ಅಂತ ಗುರುತಿಸಿ. ನಮ್ಮಲ್ಲಿಗೆ ಬಂದ ಪರಿಣತರು ಅದನ್ನು ಬಿಟ್ಟು ಆನ್ ಮಾಡಿ ಹೋದರು. ಆ ಸಂಜೆ ಏನೂ ಗೊತ್ತಾಗಲಿಲ್ಲ. ಮರುದಿನ ಬೆಳಿಗ್ಗೆ ಆನ್ ಮಾಡಿದ ಒಂದೊಂದು ಕಂಪ್ಯೂಟರಿಗೂ 169.254.