ಎಪಿಎಲ್ ಕುಟುಂಬದ ಹಿರಿಯರಿಗೆ ಹೃದಯ ಶಸ್ತ್ರಚಿಕಿತ್ಸೆ: ಯಾವ ಯೋಜನೆ ಅನ್ವಯಿಸುತ್ತದೆ?

ಪ್ರಶ್ನೆ:
ನಮಸ್ಕಾರ. ತುರುವೇಕೆರೆ ಸಮೀಪದ ಹಳ್ಳಿಯಲ್ಲಿರುವ ನಮ್ಮ ತಂದೆಯವರಿಗೆ 62 ವರ್ಷ. ಬೈಪಾಸ್ ಶಸ್ತ್ರಚಿಕಿತ್ಸೆ ಬೇಕೆಂದೂ, ಒಂದೆರಡು ವಾರ ಕಾಯಬಹುದೆಂದೂ ವೈದ್ಯರು ತಿಳಿಸಿದ್ದಾರೆ. ಒಂದು ಎಕರೆಯಲ್ಲಿ ಬೆಳೆಯುವ ರಾಗಿಯ ಹೊರತು ಅವರಿಗೆ ಬೇರೆ ಆದಾಯವಿಲ್ಲ. ನಾನು ಪೀಣ್ಯದ ಕಾರ್ಖಾನೆಯೊಂದರಲ್ಲಿ ತಿಂಗಳಿಗೆ 19,000 ರೂ. ವೇತನ ಪಡೆಯುತ್ತಿದ್ದು, ಇದರಿಂದ ಕುಟುಂಬದ ವಾರ್ಷಿಕ ಆದಾಯ 1.20 ಲಕ್ಷ ರೂ. ಮೀರಿರುವುದರಿಂದ ನಮ್ಮದು ಎಪಿಎಲ್ ಕಾರ್ಡ್. ಕಡಿಮೆ ಆದಾಯದ ಪ್ರಮಾಣಪತ್ರ ಮಾಡಿಸಿಕೊಡುತ್ತೇನೆ ಎಂದು ಒಬ್ಬರು ಮುಂದೆ ಬಂದಿದ್ದಾರೆ, ಆದರೆ ನನ್ನ ಮನಸ್ಸು ಒಪ್ಪುತ್ತಿಲ್ಲ. ನೇರವಾದ ದಾರಿ ಇದೆಯೇ?

ಉತ್ತರ 1:
ಆ ಪ್ರಮಾಣಪತ್ರದ ಸಹವಾಸ ಖಂಡಿತ ಬೇಡ. ಆಯುಷ್ಮಾನ್ ಭಾರತ್–ಆರೋಗ್ಯ ಕರ್ನಾಟಕ ಯೋಜನೆಯಲ್ಲಿ ಬಿಪಿಎಲ್ ಕುಟುಂಬಕ್ಕೆ ವರ್ಷಕ್ಕೆ 5 ಲಕ್ಷ ರೂ.ವರೆಗೆ ಉಚಿತ ಚಿಕಿತ್ಸೆ ಇರುವಂತೆಯೇ, ಎಪಿಎಲ್ ಕುಟುಂಬಕ್ಕೂ ಪ್ಯಾಕೇಜ್ ದರದ ಶೇ 30ರಷ್ಟನ್ನು, ವರ್ಷಕ್ಕೆ 1.5 ಲಕ್ಷ ರೂ. ಮೀರದಂತೆ, ಸರ್ಕಾರ ಭರಿಸುತ್ತದೆ. ಈ ಶೇ 30 ಸರ್ಕಾರ ನಿಗದಿಪಡಿಸಿದ ದರದ ಮೇಲಿನದೇ ಹೊರತು ಆಸ್ಪತ್ರೆ ಕೊಡುವ ಬಿಲ್ಲಿನ ಮೇಲಿನದಲ್ಲ.

ಉತ್ತರ 2:
ಮೊದಲು ನಿಮ್ಮ ವೇತನ ಚೀಟಿಯನ್ನು ನೋಡಿ. ತಿಂಗಳ ವೇತನ 21,000 ರೂ. ಮೀರದಿದ್ದರೆ ಇಎಸ್‌ಐ (ನೌಕರರ ರಾಜ್ಯ ವಿಮೆ) ಅನ್ವಯಿಸುತ್ತದೆ. ನಿಮ್ಮ ಪಾಲಿನ ಶೇ 0.75, ಅಂದರೆ ಸುಮಾರು 143 ರೂ., ಕಡಿತವಾಗುತ್ತಿರಬೇಕು. ನಿಮ್ಮನ್ನೇ ಅವಲಂಬಿಸಿರುವ, ಎಲ್ಲ ಮೂಲಗಳಿಂದ ಮಾಸಿಕ ಆದಾಯ 9,000 ರೂ. ಮೀರದ ತಂದೆ ತಾಯಿಯರೂ ಇಎಸ್‌ಐ ದೃಷ್ಟಿಯಲ್ಲಿ ಕುಟುಂಬದವರೇ. ಪಡಿತರ ಚೀಟಿಯ ಲೆಕ್ಕದಲ್ಲಿ ನಿಮ್ಮ ವೇತನ ಅಡ್ಡಿಯಾದರೆ, ಇಲ್ಲಿ ಅದೇ ವೇತನ ಅವರಿಗೆ ರಕ್ಷಣೆಯಾಗುತ್ತದೆ. ಅವರ ಹೆಸರು ಸೇರಿದೆಯೇ ಎಂದು ಎಚ್‌ಆರ್ ಬಳಿ ಕೇಳಿ, ಇಲ್ಲದಿದ್ದರೆ ಈ ವಾರವೇ ಸೇರಿಸಿ. ಶಸ್ತ್ರಚಿಕಿತ್ಸೆಗೆ ನೀವು ಎಷ್ಟು ಕಾಲದಿಂದ ವಂತಿಗೆ ಕಟ್ಟಿದ್ದೀರಿ ಎಂಬುದೂ ಲೆಕ್ಕಕ್ಕೆ ಬರುವುದರಿಂದ, ರಾಜಾಜಿನಗರದ ಇಎಸ್‌ಐ ಆಸ್ಪತ್ರೆಯಲ್ಲಿ ವಿಚಾರಿಸಿ, ಅಲ್ಲಿಂದಲೇ ಮುಂದುವರಿಯಿರಿ.

ಪ್ರಶ್ನೆ ಕೇಳಿದವರು:
ಈಗಷ್ಟೇ ನೋಡಿದೆ, ಕಡಿತವಾಗುತ್ತಿದೆ. ನಾಲ್ಕು ವರ್ಷಗಳಿಂದ ಕಟ್ಟುತ್ತಿದ್ದರೂ ಕಾರ್ಡಿನಲ್ಲಿ ನನ್ನ ಮತ್ತು ಪತ್ನಿಯ ಹೆಸರು ಮಾತ್ರ ಇದೆ.

ಉತ್ತರ 3:
ಹೆಸರು ಸೇರುವವರೆಗೆ ಅವಸರದಿಂದ ಖಾಸಗಿ ಆಸ್ಪತ್ರೆಗೆ ದಾಖಲಿಸಬೇಡಿ. ತುರ್ತಲ್ಲದ ಸಂದರ್ಭದಲ್ಲಿ ಆರೋಗ್ಯ ಕರ್ನಾಟಕಕ್ಕೂ ಮೊದಲು ಸರ್ಕಾರಿ ಆಸ್ಪತ್ರೆಯ ರೆಫರಲ್ ಪತ್ರ ಬೇಕು. ನಮ್ಮ ಅತ್ತೆಯವರನ್ನು ಅದಿಲ್ಲದೆ ದಾಖಲಿಸಿ, ಪೂರ್ತಿ ಹಣವನ್ನು ನಾವೇ ಕಟ್ಟಬೇಕಾಯಿತು. ತಾಲ್ಲೂಕು ಆಸ್ಪತ್ರೆಗೆ ಹೋಗುವಾಗ ಪಡಿತರ ಚೀಟಿ, ಆಧಾರ್ ಮತ್ತು ಆಂಜಿಯೋಗ್ರಾಂ ವರದಿ ಜೊತೆಗಿರಲಿ. ಎದೆನೋವು ಉಲ್ಬಣಿಸಿದರೆ ಮಾತ್ರ ಪತ್ರಕ್ಕಾಗಿ ಕಾಯದೆ ಹತ್ತಿರದ ನೋಂದಾಯಿತ ಆಸ್ಪತ್ರೆಗೆ ಕರೆದೊಯ್ದು, ಅಲ್ಲಿ ಯೋಜನೆಯ ನೆರವಿಗಿರುವ ಸಿಬ್ಬಂದಿಯಾದ ಆರೋಗ್ಯಮಿತ್ರರನ್ನು ಕೂಡಲೇ ಕಾಣಿರಿ.