‘ಕೈಂಡ್ ಆಫ್ ಬ್ಲೂ’ ಆಯ್ತು, ಇನ್ನು ಮುಂದೆ ಯಾವ ಜಾಝ್ ಆಲ್ಬಂ?

ಠಾಣೆ_ಕೇಳುಗ

ಎಲ್ಲರಿಗೂ ನಮಸ್ಕಾರ. ನನ್ನ ಕಿವಿ ಹಿಂದೂಸ್ತಾನಿಯದು. ಮನ್ಸೂರ್, ಭೀಮಸೇನ ಜೋಶಿ, ಕುಮಾರ ಗಂಧರ್ವರನ್ನು ಕೇಳಿ ಪಳಗಿದ್ದು. ಜಾಝ್‌ನಲ್ಲಿ ಈವರೆಗೆ ಮನಸ್ಸಿಗೆ ಹತ್ತಿದ್ದು ಮೂರೇ ಆಲ್ಬಂ: ಮೈಲ್ಸ್ ಡೇವಿಸ್‌ನ ‘ಕೈಂಡ್ ಆಫ್ ಬ್ಲೂ’, ಡೇವ್ ಬ್ರೂಬೆಕ್‌ನ ‘ಟೈಮ್ ಔಟ್’, ಜಾನ್ ಕೋಲ್ಟ್ರೇನ್‌ನ ‘ಎ ಲವ್ ಸುಪ್ರೀಮ್’. ‘ಕೇಳಲೇಬೇಕಾದ ನೂರು’ ಎಂಬ ಪಟ್ಟಿಗಳಲ್ಲಿ 1925ರದ್ದೂ 1975ರದ್ದೂ ಒಂದೇ ಸಾಲಿನಲ್ಲಿ ಕೂತಿರುತ್ತವೆ, ಒಂದಕ್ಕೊಂದು ಸಂಬಂಧ ಕಾಣುವುದಿಲ್ಲ. ಆ್ಯಪ್ ತಾನಾಗಿ ಮುಂದಿನದನ್ನು ಹಾಕಲಿ ಎಂದು ಬಿಟ್ಟರೆ ಹೋಟೆಲ್ ಲಾಬಿಯ ಪಿಯಾನೊ ಶುರುವಾಗುತ್ತದೆ. ಪಟ್ಟಿ ನಂಬಿ ಆರ್ನೆಟ್ ಕೋಲ್ಮನ್‌ನ ‘ದ ಶೇಪ್ ಆಫ್ ಜಾಝ್ ಟು ಕಮ್’ ಹಾಕಿದೆ, ಎಲ್ಲಿ ಹಿಡಿಯಬೇಕೆಂದೇ ತಿಳಿಯಲಿಲ್ಲ.

ಈ ಮೂರರಿಂದ ಮುಂದಕ್ಕೆ ಹೋಗುವ ದಾರಿ ಯಾವುದು? ಹಳೆಯ ಎಲ್‌ಪಿ ಕೊಳ್ಳುವಾಗ ಏನು ನೋಡಬೇಕು? ಸಿತಾರನ್ನು ಮೇಲೆ ಉದುರಿಸಿದಂತಿರದ, ನಿಜಕ್ಕೂ ಎರಡೂ ಸಂಗೀತ ಬಲ್ಲವರು ಮಾಡಿದ ಆಲ್ಬಂ ಇದ್ದರೆ ಅದನ್ನೂ ಹೇಳಿ.

ಡೊಂಬಿವಲಿ_ಫಾಸ್ಟ್

ಪಟ್ಟಿ ಬಿಡಿ ಮಾರಾಯ್ರೆ, ಪಕ್ಕವಾದ್ಯದವರ ಹಿಂದೆ ಹೋಗಿ. ಆಲ್ಬಂ ಮೇಲೆ ದೊಡ್ಡದಾಗಿ ಒಬ್ಬನ ಹೆಸರಿದ್ದರೂ ಆ ಕಾಲದಲ್ಲಿ ಇವನ ಆಲ್ಬಂನಲ್ಲಿ ಅವನು, ಅವನದ್ದರಲ್ಲಿ ಇವನು ನುಡಿಸುತ್ತಿದ್ದರು. ‘ಕೈಂಡ್ ಆಫ್ ಬ್ಲೂ’ದಲ್ಲಿ ಏಳು ಜನ ಇದ್ದಾರೆ, ಅಂದರೆ ನಿಮ್ಮ ಕೈಯಲ್ಲಿ ಆಗಲೇ ಏಳು ದಾರಿ ಉಂಟು.

ಸ್ಯಾಕ್ಸೊಫೋನಿನ ಕ್ಯಾನನ್‌ಬಾಲ್ ಆಡರ್ಲಿಯಿಂದ ಹೊರಟರೆ 1958ರ ‘ಸಮ್‌ಥಿಂಗ್ ಎಲ್ಸ್’ ಸಿಗುತ್ತದೆ. ಅಲ್ಲಿ ಯಜಮಾನ ಕ್ಯಾನನ್‌ಬಾಲ್, ಮೈಲ್ಸ್ ಪಕ್ಕದಲ್ಲಿ. ‘ಆಟಮ್ ಲೀವ್ಸ್’ನಿಂದ ಶುರುಮಾಡಿ.

ಪಿಯಾನೊದ ಬಿಲ್ ಇವಾನ್ಸ್‌ನ ದಾರಿ ನಿಮಗೆ ಎಲ್ಲಕ್ಕಿಂತ ಹತ್ತಿರದ್ದು ಅಂತ ನನಗೆ ಅನಿಸುತ್ತದೆ. 1961ರ ಜೂನ್ 25, ಭಾನುವಾರ, ನ್ಯೂಯಾರ್ಕ್‌ನ ವಿಲೇಜ್ ವ್ಯಾನ್‌ಗಾರ್ಡ್ ಕ್ಲಬ್. ಆ ಒಂದೇ ದಿನದ ನುಡಿಸಾಣಿಕೆಯಿಂದ ‘ಸಂಡೇ ಅಟ್ ದ ವಿಲೇಜ್ ವ್ಯಾನ್‌ಗಾರ್ಡ್’, ‘ವಾಲ್ಟ್ಸ್ ಫಾರ್ ಡೆಬಿ’ ಎಂಬ ಎರಡು ಆಲ್ಬಂ ಬಂದವು. ಹಿಂದಿನಿಂದ ಗ್ಲಾಸು ತಟ್ಟೆಗಳ ಸದ್ದೂ ಕೇಳುತ್ತದೆ. ಸ್ಕಾಟ್ ಲಫಾರೊನ ಬೇಸ್ ಕೇಳಿ. ಅವನು ಲಯ ಹಿಡಿದು ಹಿಂದೆ ನಿಲ್ಲುವುದಿಲ್ಲ, ಪಿಯಾನೊ ಮಾತು ಮುಗಿಸುವ ಮೊದಲೇ ಉತ್ತರ ಕೊಡುತ್ತಾನೆ. ಹನ್ನೊಂದು ದಿನಕ್ಕೆ, ಜುಲೈ 6ಕ್ಕೆ, ಕಾರು ಅಪಘಾತದಲ್ಲಿ ತೀರಿಕೊಂಡ. ವಯಸ್ಸು 25.

ಕೋಲ್ಟ್ರೇನ್ ವಿಷಯದಲ್ಲಿ ಸ್ವಲ್ಪ ಜಾಗ್ರತೆ. ‘ಕೈಂಡ್ ಆಫ್ ಬ್ಲೂ’ದ ಎರಡನೇ ರೆಕಾರ್ಡಿಂಗ್ 1959ರ ಏಪ್ರಿಲ್ 22ರದ್ದು. ಅದೇ ಮೇ 4 ಮತ್ತು 5ರಂದು ಅವನು ‘ಜಯಂಟ್ ಸ್ಟೆಪ್ಸ್’ಗೆ ನುಡಿಸಿದ. ಒಂದರಲ್ಲಿ ಹದಿನಾರು ಬಾರ್ (ನಾಲ್ಕು ಮಾತ್ರೆಗೆ ಒಂದು ಬಾರ್) ತನಕ ಒಂದೇ ಸ್ವರಮಾಲೆ, ಇನ್ನೊಂದರಲ್ಲಿ ಹೆಚ್ಚುಕಡಿಮೆ ಎರಡು ಮಾತ್ರೆಗೊಮ್ಮೆ ಕಾರ್ಡ್ (ಒಟ್ಟಿಗೆ ನುಡಿಸುವ ಸ್ವರಗಳ ಗುಂಪು) ಬದಲು. ಪಿಯಾನೊದ ಟಾಮಿ ಫ್ಲಾನಗನ್‌ಗೆ ಆ ವೇಗ ಹಿಡಿಯಲು ಕಷ್ಟವಾದದ್ದು ಅವನ ಸೋಲೊದಲ್ಲೇ ಕೇಳುತ್ತದೆ, ತುಂಡು ತುಂಡಾಗಿ ಹೋಗುತ್ತದೆ. ನೀವು ಈಗಲೇ ಅಲ್ಲಿಗೆ ಹೋಗಬೇಡಿ. ಮೊದಲು 1964ರ ‘ಕ್ರೆಸೆಂಟ್’. ‘ಎ ಲವ್ ಸುಪ್ರೀಮ್’ನ ಅದೇ ನಾಲ್ವರು, ಅದೇ ವರ್ಷ. ‘ವೈಸ್ ಒನ್’ ಶುರುವಾಗುವ ರೀತಿ ವಿಲಂಬಿತ ಕೇಳಿದವರಿಗೆ ವಿವರಿಸಬೇಕಾಗಿಲ್ಲ. ಅದಾದ ಮೇಲೆ 1957ರಲ್ಲಿ ರೆಕಾರ್ಡ್ ಆದ ‘ಬ್ಲೂ ಟ್ರೇನ್’.

‘ಕೈಂಡ್ ಆಫ್ ಬ್ಲೂ’ದಲ್ಲೇ ಇರುವ ವಿಂಟನ್ ಕೆಲಿ (ಪಿಯಾನೊ), ಪಾಲ್ ಚೇಂಬರ್ಸ್ (ಬೇಸ್), ಜಿಮ್ಮಿ ಕಾಬ್ (ಡ್ರಮ್) ಮೂವರೂ ಒಟ್ಟಿಗೆ ಬೇಕಾದರೆ 1965ರ ‘ಸ್ಮೋಕಿನ್ ಅಟ್ ದ ಹಾಫ್ ನೋಟ್’. ಗಿಟಾರ್ ವೆಸ್ ಮಾಂಟ್ಗೊಮರಿಯದು.

ಹುಡುಕುವ ಕ್ರಮ ಹೀಗೆ. ಆ್ಯಪ್‌ಗಳಲ್ಲಿ ಪಕ್ಕವಾದ್ಯದವರ ಹೆಸರು ಸರಿಯಾಗಿ ಇರುವುದಿಲ್ಲ. ರೆಕಾರ್ಡ್‌ಗಳ ವಿವರ ಇರುವ ಡಿಸ್ಕಾಗ್ಸ್ ವೆಬ್‌ಸೈಟಿನಲ್ಲಿ ಆಲ್ಬಂ ತೆಗೆಯಿರಿ, ಕೆಳಗೆ ಕ್ರೆಡಿಟ್ಸ್ ಇರುತ್ತದೆ, ಬೇಸ್ ನುಡಿಸಿದವನ ಹೆಸರು ಒತ್ತಿ. ಅವನು ನುಡಿಸಿದ್ದೆಲ್ಲ ವರ್ಷದ ಪ್ರಕಾರ ಬರುತ್ತದೆ. ನಿಮಗೆ ಹಿಡಿಸಿದ ಆಲ್ಬಂನ ಹಿಂದಿನ ಎರಡು ವರ್ಷ, ಮುಂದಿನ ಎರಡು ವರ್ಷ ಮಾತ್ರ ನೋಡಿ. ಪಾಲ್ ಚೇಂಬರ್ಸ್ ಒಬ್ಬನನ್ನೇ ಹೀಗೆ ಹಿಂಬಾಲಿಸಿದರೆ ಆರು ತಿಂಗಳಿಗೆ ಸಾಕಾಗುವಷ್ಟು ಉಂಟು. ಆ್ಯಪ್ ತೋರಿಸುವ ವರ್ಷ ಹಲವು ಸಲ ಮರುಬಿಡುಗಡೆಯದ್ದು, ಅದನ್ನು ನಂಬಬೇಡಿ. ಮತ್ತೆ, ಮೂಲ ಆಲ್ಬಂ ಎಲ್ಲಿಗೆ ಮುಗಿಯಿತೋ ಅಲ್ಲಿಗೆ ನಿಲ್ಲಿಸಿ. ‘ಕೈಂಡ್ ಆಫ್ ಬ್ಲೂ’ದಲ್ಲಿ ಇರುವುದು ಐದೇ, ಕೊನೆಯದು ‘ಫ್ಲಮೆಂಕೊ ಸ್ಕೆಚಸ್’. ಅದರ ನಂತರ ಬರುವ ಇನ್ನೊಂದು ಟೇಕ್ ಚೆನ್ನಾಗಿಯೇ ಇದೆ, ಆದರೆ ಅದು ಬೇರೆ ದಿನಕ್ಕಿರಲಿ.

ಕೊಥ್ರೂಡ್_ಠೇಕಾ

ಸರ್, ಡೊಂಬಿವಲಿಯವರು ಹೇಳಿದ್ದು ಖರೇನ ಅದ. ಆದರ ಎಣಸೂದು ಬರ್ಲಿಲ್ಲ ಅಂದ್ರ ಯಾವ ಆಲ್ಬಂ ಹಾಕಿದ್ರೂ ಸೋಲೊ ಎಲ್ಲಿ ಶುರು, ಎಲ್ಲಿ ಮುಗೀತು ಅನ್ನೂದ ತಿಳಿಯೂದಿಲ್ಲ. ನಿಮಗ ತೀನತಾಲ ಬರ್ತದಲ್ಲ, ಅದ ಸಾಕು.

‘ಕೈಂಡ್ ಆಫ್ ಬ್ಲೂ’ದಾಗಿನ ಮೊದಲನೇದು ‘ಸೋ ವಾಟ್’ ತಗೋರಿ. ಒಂದು ಸುತ್ತು 32 ಬಾರು, ಬಾರಿಗೆ ನಾಕು ಮಾತ್ರಾ, ಅಂದ್ರ 128 ಮಾತ್ರಾ. ತೀನತಾಲದ ಎಂಟು ಆವರ್ತನ ಆತು. ಮೊದಲಿನ ನಾಕು ಆವರ್ತನ ಷಡ್ಜ ಬಿಳಿ ಎರಡು (ಹಾರ್ಮೋನಿಯಂ ಎರಡನೇ ಬಿಳಿ ಪಟ್ಟಿ). ಆಮ್ಯಾಲಿನ ಎರಡು ಕರಿ ಎರಡು. ಕಡೀ ಎರಡು ಮತ್ತ ಬಿಳಿ ಎರಡಕ್ಕ ವಾಪಸ್. ಎರಡೂ ಕಡೆ ಸ್ವರ ಕಾಫಿ ಥಾಟಿನವು, ಗಾಂಧಾರ ನಿಷಾದ ಕೋಮಲ. ಬದಲಾಗೂದು ಷಡ್ಜ. ಹಿಂದೂಸ್ತಾನಿ ಕೇಳೋರಿಗೆ ಜಾಝ್ ತೊಡಕಾಗೂದು ಇಲ್ಲೇ ನೋಡ್ರಿ. ನಮ್ಮಲ್ಲೆ ತಾನಪೂರಿ ಅಲುಗಾಡೂದಿಲ್ಲ, ಅಲ್ಲೆ ಷಡ್ಜನ ಮನಿ ಬದಲಸ್ತದ.

ಶುರುವಿನ ಪಿಯಾನೊ-ಬೇಸ್ ತಾಳ ಇಲ್ಲದ ಆಲಾಪ ಇದ್ದಂಗ, ಅದನ್ನ ಬಿಡ್ರಿ. ಬೇಸ್ ಧುನ್ ಎತ್ತಿಕೊಂಡಲ್ಲಿಂದ ಎಣಸ್ರಿ. ಧುನ್ ಒಂದು ಸುತ್ತು. ಆಮ್ಯಾಲೆ ಮೈಲ್ಸ್ ಎರಡು ಸುತ್ತು, ಕೋಲ್ಟ್ರೇನ್ ಎರಡು, ಕ್ಯಾನನ್‌ಬಾಲ್ ಎರಡು, ಬಿಲ್ ಇವಾನ್ಸ್ ಒಂದು, ಮತ್ತ ಧುನ್. ಮೂರು ಸರ್ತಿ ಎಣಿಸಿದ್ರ ಷಡ್ಜ ಮ್ಯಾಲೇರೂದು ಎಣಸದನ ಗೊತ್ತಾಗ್ತದ. ಬ್ಲೂಸ್ ಇನ್ನೂ ಸಣ್ಣದು: 12 ಬಾರು, 48 ಮಾತ್ರಾ, ಮೂರು ತೀನತಾಲ.

ಚಪ್ಪಾಳಿ ಮಾತ್ರ ಒಂದು-ಮೂರಕ್ಕ ಹಾಕಬ್ಯಾಡ್ರಿ. ನಮಗ ಸಮ್ ಮ್ಯಾಲೆ ಕೈ ಬೀಳೂ ರೂಢಿ. ಅಲ್ಲೆ ಡ್ರಮ್ಮಿನವ ಕಾಲಿಲೆ ಹೈ-ಹ್ಯಾಟ್ (ಜೋಡಿ ತಾಳ) ಮುಚ್ಚೂದು ಎರಡು-ನಾಕಕ್ಕ. ನೀವು ಒಂದಕ್ಕ ಒತ್ತು ಕೊಟ್ಟಿರಿ ಅಂದ್ರ ಸ್ವಿಂಗ್ ಅನ್ನೂದು ಕಾಲಿಗೆ ಕಲ್ಲು ಕಟ್ಟಿದಂಗ ಕೇಳ್ತದ.

ನಿಮ್ಮ ‘ಟೈಮ್ ಔಟ್’ನಾಗಿನ ‘ಟೇಕ್ ಫೈವ್’ 3+2. ‘ಬ್ಲೂ ರಾಂಡೊ’ ಎಲ್ಲಾರೂ 2+2+2+3 ಅಂತಾರ, ಅದು ಪೂರಾ ಖರೆ ಅಲ್ಲ. ಹಂಗ ಮೂರು ಸರ್ತಿ ಬಂದು ನಾಕನೇದಕ್ಕ 3+3+3 ಆಗ್ತದ. ಸೋಲೊ ಬಂದಾಗ ನಾಕು ಮಾತ್ರಾಕ್ಕ ಇಳೀತದ.

ಇನ್ನ ಆರ್ನೆಟ್. ಅಲ್ಲೆ ಪಿಯಾನೊ ಇಲ್ಲ, ತಿರುಗಿ ಬರೂ ಕಾರ್ಡಿನ ಚಕ್ರಾನೂ ಇಲ್ಲ. ಎರಡೂ ಆಧಾರ ಒಮ್ಮೆಲೆ ತಪ್ಪಿದ್ದಕ್ಕ ನಿಮಗ ಹಿಡೀಲಿಕ್ಕೆ ಏನೂ ಸಿಗಲಿಲ್ಲ. ಮೊದಲ ಒಂದನ್ನಷ್ಟ ತಗೀರಿ. ಸಾನಿ ರಾಲಿನ್ಸ್‌ನ 1957ರ ‘ವೇ ಔಟ್ ವೆಸ್ಟ್’ ಸ್ಯಾಕ್ಸೊಫೋನ್, ಬೇಸ್, ಡ್ರಮ್ ಮೂರರದ. ಪಿಯಾನೊ ಇಲ್ಲ, ಚಕ್ರ ಅದ. ಅದು ಕಿವಿಗೆ ಕೂತ ಮ್ಯಾಲೆ ಆರ್ನೆಟ್‌ನ ‘ಲೋನ್ಲಿ ವುಮನ್’ ಒಂದ ಹಾಕ್ರಿ. ಡ್ರಮ್ ದ್ರುತ್‌ನಾಗ ಓಡ್ತಿರ್ತದ, ಮ್ಯಾಲೆ ಸ್ಯಾಕ್ಸೊಫೋನ್ ಮತ್ತ ಕಾರ್ನೆಟ್ ತಾಳ ಬಿಟ್ಟು ನಿಧಾನ ಹಾಡ್ತಾವ. ಚಾರ್ಲಿ ಹೇಡನ್‌ನ ಬೇಸಿನ ಬೆನ್ನ ಹಿಡೀರಿ. ಅದು ಅಲ್ಲೆ ತಾನಪೂರಿ ಕೆಲಸ ಮಾಡ್ತದ.

ಮಾಹಿಮ್_33

ಎಲ್‌ಪಿ ಬಗ್ಗೆ ನಾನು ಹೇಳುತ್ತೇನೆ. ಚೋರ್ ಬಜಾರ್‌ನ ಮಟನ್ ಸ್ಟ್ರೀಟ್ ಆಗಲಿ, ಪುಣೆಯ ಜುನಾ ಬಜಾರ್ ಆಗಲಿ, ಪ್ಲೇಟನ್ನು ಕವರಿನಿಂದ ಹೊರತೆಗೆದು ಬಿಸಿಲಿಗೆ ಓರೆ ಹಿಡಿಯದೆ ದುಡ್ಡು ಕೊಡಬೇಡಿ. ಕೂದಲೆಳೆಯಂಥ ಗೆರೆಗಳು ಪರವಾಗಿಲ್ಲ. ಉಗುರಿಗೆ ತಗಲುವ ಗೆರೆ ಇದ್ದರೆ ಪ್ರತಿ ಸುತ್ತಿಗೂ ಟಿಕ್ ಎನ್ನುತ್ತದೆ, ತೊಳೆದರೂ ಹೋಗದು. ಕಣ್ಣಿನ ಮಟ್ಟಕ್ಕೆ ಹಿಡಿದು ಅಂಚು ಅಲೆಯಾಗಿದೆಯೇ ನೋಡಿ. ಮಧ್ಯದ ತೂತಿನ ಸುತ್ತ ಲೇಬಲ್ ಮೇಲೆ ಗೀಚಿದ ಗುರುತು ಬಹಳ ಇದ್ದರೆ ಆ ಪ್ಲೇಟು ತುಂಬ ಓಡಿದೆ ಎಂದರ್ಥ.

ನಮ್ಮ ಮಳೆಗಾಲದ ಕಾಟ ಬೂಷ್ಟು. ಬಿಳಿ ಚುಕ್ಕೆಗಳಂತೆ ಕಾಣುತ್ತದೆ, ಬೇಗ ಗಮನಿಸಿದರೆ ಹೋಗುತ್ತದೆ. ಡಿಸ್ಟಿಲ್ಡ್ ವಾಟರ್ ನಾಲ್ಕು ಪಾಲು, ಐಸೊಪ್ರೊಪೈಲ್ ಆಲ್ಕೊಹಾಲ್ ಒಂದು ಪಾಲು, ಪಾತ್ರೆ ತೊಳೆಯುವ ದ್ರವ ಒಂದೇ ಹನಿ. ಮೈಕ್ರೋಫೈಬರ್ ಬಟ್ಟೆಯಿಂದ ಗೆರೆಗಳ ಜೊತೆಗೇ ಸುತ್ತುತ್ತ ಒರೆಸಿ, ಅಡ್ಡ ಉಜ್ಜಬೇಡಿ. ಆಮೇಲೆ ಬರೀ ಡಿಸ್ಟಿಲ್ಡ್ ವಾಟರ್‌ನಿಂದ ಇನ್ನೊಮ್ಮೆ. ನಲ್ಲಿ ನೀರಿನಿಂದ ತೊಳೆದರೆ ಅದರ ಲವಣ ಗೆರೆಯೊಳಗೆ ಒಣಗಿ ಕೂತು ಹೊಸ ಸದ್ದು ಹುಟ್ಟುತ್ತದೆ. 78ರ ಪ್ಲೇಟಿಗೆ ಮಾತ್ರ ಈ ದ್ರವ ತಾಗಿಸಲೇಬಾರದು. ಅದು ಅರಗಿನದು, ಆಲ್ಕೊಹಾಲಿಗೆ ಕರಗುತ್ತದೆ. 78ಕ್ಕೆ ಮುಳ್ಳೂ ಬೇರೆ, ಎಲ್‌ಪಿಯ ಮುಳ್ಳು ಆ ಅಗಲದ ಗೆರೆಯ ತಳದಲ್ಲಿ ಅಲೆದಾಡುತ್ತದೆ.

‘ಕೈಂಡ್ ಆಫ್ ಬ್ಲೂ’ದ ಹಳೆಯ ಪ್ರತಿ ಸಿಕ್ಕರೆ ಒಂದು ವಿಷಯ ತಿಳಿದಿರಲಿ. 1959ರ ಮಾರ್ಚ್ 2ರಂದು ಟೇಪ್ ಯಂತ್ರ ಸ್ವಲ್ಪ ನಿಧಾನ ಓಡಿತ್ತು. ಹಾಗಾಗಿ ಅಂದು ರೆಕಾರ್ಡ್ ಆದ ಮೊದಲ ಬದಿಯ ಮೂರೂ ಎಲ್‌ಪಿಯಲ್ಲಿ ತುಸು ವೇಗವಾಗಿ, ತುಸು ಏರಿದ ಶ್ರುತಿಯಲ್ಲಿ ಕೇಳುತ್ತವೆ. 1990ರ ದಶಕದ ಮರುಬಿಡುಗಡೆಗಳಲ್ಲಿ ಇನ್ನೊಂದು ಯಂತ್ರದ ಟೇಪ್ ಬಳಸಿ ಸರಿಮಾಡಿದರು. ಪರೀಕ್ಷೆ ಸುಲಭ: ತಾನಪೂರ ಆ್ಯಪನ್ನು ಬಿಳಿ ಎರಡಕ್ಕಿಟ್ಟು ‘ಸೋ ವಾಟ್’ ಹಾಕಿ. ಹಳೆಯದಾದರೆ ಷಡ್ಜಕ್ಕೆ ಷಡ್ಜ ಕೂಡದೆ ಅಲೆ ಏಳುತ್ತದೆ. ಎರಡನೇ ಬದಿಯಲ್ಲಿ ಈ ತೊಂದರೆ ಇಲ್ಲ.

ಮಡಗಾಂವ್_ಕಾರವಾರ

ಮೂರನೇ ಪ್ರಶ್ನೆಗೆ ಮೊದಲ ಉತ್ತರ ನಮ್ಮವರದೇ. ಬೆಂಗಳೂರಿನ ಕರ್ನಾಟಕ ಕಾಲೇಜ್ ಆಫ್ ಪರ್ಕಶನ್ ಜೊತೆ ಸ್ಯಾಕ್ಸೊಫೋನ್ ವಾದಕ ಚಾರ್ಲಿ ಮರಿಯಾನೊ ಮಾಡಿದ ‘ಜ್ಯೋತಿ’, 1983, ಇಸಿಎಂ ಕಂಪನಿಯದು. ಆರ್.ಎ. ರಮಾಮಣಿ ಅವರ ಕಂಠ, ಟಿ.ಎ.ಎಸ್. ಮಣಿ ಅವರ ಮೃದಂಗ. ಅಲ್ಲಿ ಸ್ಯಾಕ್ಸೊಫೋನ್ ಅತಿಥಿಯಂತೆ ಬಂದು ಹೋಗುವುದಿಲ್ಲ, ತಾಳದ ಲೆಕ್ಕದೊಳಗೇ ಕೂತು ನುಡಿಯುತ್ತದೆ.

ಎರಡನೆಯದು ‘ಕಿನ್ಸ್‌ಮೆನ್’, 2008. ಕದ್ರಿ ಗೋಪಾಲನಾಥ್ ಮತ್ತು ರುದ್ರೇಶ್ ಮಹಂತಪ್ಪ, ಇಬ್ಬರದೂ ಆಲ್ಟೊ ಸ್ಯಾಕ್ಸೊಫೋನ್. ಯಾರು ಯಾವುದು ಎಂದು ಗೊಂದಲವಾದರೆ ಒಂದು ಸ್ವರದಿಂದ ಇನ್ನೊಂದಕ್ಕೆ ಹೋಗುವ ದಾರಿಯನ್ನು ಕೇಳಿ. ಗಮಕದಲ್ಲಿ ಜಾರಿ ಹೋಗುವುದು ಕದ್ರಿಯವರು, ಸ್ವರಗಳನ್ನು ಕಡಿದು ಕಡಿದು ಇಡುವುದು ಮಹಂತಪ್ಪ. ಎ. ಕನ್ಯಾಕುಮಾರಿ ಅವರ ಪಿಟೀಲೂ ಇದೆ.

ಗೋವೆಯ ಮೂಲದ ಗಿಟಾರ್ ವಾದಕ ಅಮಾನ್ಸಿಯೊ ಡಿಸಿಲ್ವಾ ಹುಟ್ಟಿದ್ದು ಮುಂಬೈಯಲ್ಲಿ, ರೆಕಾರ್ಡ್ ಮಾಡಿದ್ದು ಲಂಡನ್ನಿನಲ್ಲಿ. 1969ರ ‘ಇಂಟಿಗ್ರೇಶನ್’, ಅದೇ ವರ್ಷ ಸ್ಯಾಕ್ಸೊಫೋನ್ ವಾದಕ ಜೋ ಹ್ಯಾರಿಯಟ್ ಜೊತೆ ‘ಹಮ್ ದೋನೋ’. ಎರಡರಲ್ಲೂ ಸಿತಾರ್ ಇಲ್ಲ, ಗಿಟಾರೇ ರಾಗದ ಕಡೆ ಬಾಗುತ್ತದೆ. ಇಷ್ಟು ಒಳ್ಳೆಯ ಸಂಗೀತ ಗೋವೆಯಲ್ಲೇ ಹೆಚ್ಚು ಜನರಿಗೆ ತಿಳಿದಿಲ್ಲ ಎಂಬುದು ನನಗೆ ಬೇಸರದ ವಿಷಯ.

ಶಂಕರ್-ಜೈಕಿಶನ್ ಅವರ 1968ರ ‘ರಾಗ ಜಾಝ್ ಸ್ಟೈಲ್’ ಎಲ್ಲರೂ ಹೇಳುವ ಹೆಸರು. ರಯೀಸ್ ಖಾನ್ ಸಿತಾರ್, ಹನ್ನೊಂದು ರಾಗ. ವಾದ್ಯಮೇಳದ ಅಚ್ಚುಕಟ್ಟು ಅದ್ಭುತ, ಆದರೆ ಬಹುಪಾಲು ಮೊದಲೇ ಬರೆದಿಟ್ಟದ್ದು. ರಾಗ ಬೆಳೆಯಲೆಂದು ಕಾದು ಕೂತರೆ ನಿರಾಸೆಯಾಗುತ್ತದೆ. ಸಿನಿಮಾ ವಾದ್ಯವೃಂದದ ಕೌಶಲವೆಂದೇ ಕೇಳಿ. ಆ ಕೌಶಲದ ಬೇರು ಗೋವೆಯ ಚರ್ಚ್ ಶಾಲೆಗಳಲ್ಲಿದೆ. ಅಲ್ಲಿ ಮಕ್ಕಳು ಸ್ಟಾಫ್ ನೋಟೇಶನ್ ಓದಲು ಕಲಿಯುತ್ತಿದ್ದರು. 1935ರಲ್ಲಿ ಅಮೆರಿಕದ ಲಿಯಾನ್ ಆ್ಯಬಿಯ ಜಾಝ್ ತಂಡ ತಾಜ್ ಹೋಟೆಲಿಗೆ ಬಂದ ಮೇಲೆ ಮುಂಬೈಯಲ್ಲಿ ಬೆಳೆದ ಜಾಝ್ ತಂಡಗಳಿಗೂ, ಮುಂದೆ ಹಿಂದಿ ಸಿನಿಮಾದ ರೆಕಾರ್ಡಿಂಗ್‌ಗೂ ಹೋದವರು ಇವರೇ. ಇವರಲ್ಲೊಬ್ಬರಾದ ಚಿಕ್ ಚಾಕೊಲೇಟ್ ಅವರನ್ನು 1951ರ ‘ಅಲ್ಬೇಲಾ’ದಲ್ಲಿ ಕಣ್ಣಾರೆ ನೋಡಬಹುದು.

ನಿಮ್ಮ ಬ್ರೂಬೆಕ್ ಕೂಡ 1958ರಲ್ಲಿ ಮುಂಬೈಗೆ ಬಂದು ಸಿತಾರ್‌ನ ಅಬ್ದುಲ್ ಹಲೀಂ ಜಾಫರ್ ಖಾನ್ ಜೊತೆ ನುಡಿಸಿದವನು. ಆ ಪ್ರವಾಸದ ಫಲ ‘ಜಾಝ್ ಇಂಪ್ರೆಶನ್ಸ್ ಆಫ್ ಯುರೇಷಿಯಾ’. ‘ಟೈಮ್ ಔಟ್’ಗೆ ಮೊದಲು ಇದನ್ನು ಕೇಳಿದರೆ ಆ ತಾಳಗಳು ಎಲ್ಲಿಂದಲೋ ಉದುರಿದ್ದಲ್ಲ ಎಂದು ಗೊತ್ತಾಗುತ್ತದೆ.

ಠಾಣೆ_ಕೇಳುಗ

ಎಲ್ಲರಿಗೂ ಧನ್ಯವಾದ. ತೀನತಾಲದ ಲೆಕ್ಕ ಹಾಕಿ ‘ಸೋ ವಾಟ್’ ಕೇಳಿದೆ, ಷಡ್ಜ ಏರುವ ಜಾಗ ಸಿಕ್ಕಿತು. ಕೇಳಲು ಸಿಗುವ ಹೊತ್ತು ಹೆಚ್ಚಾಗಿ ಲೋಕಲ್‌ನಲ್ಲಿ, ಇಯರ್‌ಫೋನಿನಲ್ಲಿ. ಇವುಗಳಲ್ಲಿ ಯಾವುದನ್ನು ಅಲ್ಲಿಗೆ ಇಟ್ಟುಕೊಳ್ಳಲಿ?

ಡೊಂಬಿವಲಿ_ಫಾಸ್ಟ್

ರೈಲಿನ ಗಡಗಡ ಸದ್ದು ಮೊದಲು ನುಂಗುವುದು ಬೇಸನ್ನು. ಆದ್ದರಿಂದ ತುತ್ತೂರಿ, ಸ್ಯಾಕ್ಸೊಫೋನ್ ಮುಂದಿರುವ ‘ಸಮ್‌ಥಿಂಗ್ ಎಲ್ಸ್’, ‘ಬ್ಲೂ ಟ್ರೇನ್’, ‘ಹಮ್ ದೋನೋ’ ಲೋಕಲ್‌ಗೆ. ಬಿಲ್ ಇವಾನ್ಸ್‌ನ ಎರಡೂ, ‘ಕ್ರೆಸೆಂಟ್’, ‘ಲೋನ್ಲಿ ವುಮನ್’ ಮನೆಯಲ್ಲಿ ರಾತ್ರಿ, ಸ್ಪೀಕರಿನಲ್ಲಿ. ಆ ಕಾಲದ ಕೆಲವು ಸ್ಟೀರಿಯೊ ರೆಕಾರ್ಡಿಂಗ್‌ಗಳಲ್ಲಿ ಒಂದು ವಾದ್ಯ ಪೂರ್ತಿ ಎಡಕ್ಕೆ, ಇನ್ನೊಂದು ಪೂರ್ತಿ ಬಲಕ್ಕೆ ಇರುತ್ತದೆ, ಇಯರ್‌ಫೋನಿನಲ್ಲಿ ತಲೆ ಸೀಳಿದ ಹಾಗೆ ಆಗುತ್ತದೆ. ಫೋನಿನ ಸೆಟ್ಟಿಂಗ್ಸ್‌ನಲ್ಲಿ ಆ್ಯಕ್ಸೆಸಿಬಿಲಿಟಿ ಒಳಗೆ ಮೋನೊ ಆಡಿಯೊ ಅಂತ ಉಂಟು, ಅದನ್ನು ಆನ್ ಮಾಡಿ. ಮನೆಗೆ ಬಂದ ಮೇಲೆ ಆಫ್ ಮಾಡಲು ಮರೆಯಬೇಡಿ.